ಅಡಿಕೆ ತೋಟದಲ್ಲಿ ಅಮ್ಮನ ತಾಳಿ ಬಿದ್ದಿದೆ, ಮೆಟಲ್ ಡಿಟೆಕ್ಟರ್ ಸೆಟ್ಟಿಂಗ್ ಗೊತ್ತಿರೋರು ಹೇಳಿ ಪ್ಲೀಸ್

ತೋಟದಮನೆ:
ಎಲ್ರಿಗೂ ನಮಸ್ಕಾರ. ನಮ್ದು ಸಾಗರದ ಹತ್ರ ಒಂದೆಕ್ರೆ ಅಡಿಕೆ ತೋಟ. ಹೋದ ವಾರ ಅಮ್ಮ ಮರದ ಬುಡಕ್ಕೆ ಗೊಬ್ಬರ ಹಾಕ್ತಿದ್ದಾಗ ಕರಿಮಣಿ ಸರ ಹರಿದುಹೋಯ್ತು, ಮಣಿ ಒಂದಷ್ಟು ಆರಿಸ್ಕೊಂಡ್ವಿ ಆದ್ರೆ ತಾಳಿ ಮತ್ತೆ ಎರಡು ಗುಂಡು ಸಿಕ್ಲಿಲ್ಲ. ಅಮ್ಮ ಸರಿಯಾಗಿ ಊಟಾನೂ ಮಾಡ್ತಿಲ್ಲ. ಫ್ರೆಂಡ್ ಹತ್ರ ಡಿಟೆಕ್ಟರ್ ತಂದಿದೀನಿ, ಕೋಲಿನ ತುದಿಗೆ ದುಂಡಗೆ ಕಾಯಿಲ್ ಇರೋ ಥರದ್ದು, ಆನ್ ಮಾಡಿ ನೆಲಕ್ಕೆ ಹಿಡಿದ್ರೆ ಸಾಕು ಎಲ್ಲಾ ಕಡೆನೂ ಕುಂಯ್ ಅಂತಾನೇ ಇರುತ್ತೆ. ಮಷಿನ್ ಕೆಟ್ಟಿದ್ಯಾ?

ಕೆಮ್ಮಣ್ಣು:
ಕೆಟ್ಟಿರಲ್ಲ ಬಿಡಿ, ನಿಮ್ಮ ಕಡೆ ಮಣ್ಣೇ ಹಾಗೆ. ಜಂಬಿಟ್ಟಿಗೆ ಮಣ್ಣಲ್ಲಿ ಕಬ್ಬಿಣದ ಅಂಶ ಜಾಸ್ತಿ, ಮಷಿನ್ ಮಣ್ಣನ್ನೇ ಲೋಹ ಅಂದ್ಕೊಂಡು ಕೂಗುತ್ತೆ. ಮೊದ್ಲು ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಅಂದ್ರೆ ಮಣ್ಣಿಗೆ ಕೂಗದ ಹಾಗೆ ಮಷಿನ್ ಹೊಂದಿಸೋದು. ಏನೂ ಬಿದ್ದಿಲ್ಲದ ಜಾಗ ನೋಡ್ಕೊಂಡು ಕಾಯಿಲ್‌ನ ಒಂದಡಿ ಮೇಲಿಂದ ನೆಲದ ಹತ್ರಕ್ಕೆ ಇಳಿಸೋದು ಎತ್ತೋದು ಮಾಡ್ತಾ ಇರಿ, ಇಳಿಸಿದ್ರೂ ಎತ್ತಿದ್ರೂ ಸದ್ದು ಒಂದೇ ಥರ ಬರೋ ತನಕ ಗ್ರೌಂಡ್ ಬ್ಯಾಲೆನ್ಸ್ ನಾಬ್ ಸ್ವಲ್ಪ ಸ್ವಲ್ಪ ತಿರುಗಿಸಿ (ಕೆಲವು ಮಷಿನಲ್ಲಿ ಬಟನ್ ಒತ್ತಿ ಹಿಡ್ಕೊಂಡು ಹೀಗೇ ಇಳಿಸಿ ಎತ್ತಿದ್ರೆ ತಾನೇ ಮಾಡ್ಕೊಳ್ಳುತ್ತೆ). ಆಮೇಲೂ ಕೂಗಿದ್ರೆ ಸೆನ್ಸಿಟಿವಿಟಿ (ಎಷ್ಟು ಸಣ್ಣ ಸಿಗ್ನಲ್‌ಗೂ ಕೂಗ್ಬೇಕು ಅನ್ನೋ ಸೆಟ್ಟಿಂಗ್) ಇಳಿಸಿ. ಫುಲ್ ಇಟ್ರೆ ಜಾಸ್ತಿ ಸಿಗುತ್ತೆ ಅಂತ ಎಲ್ರೂ ಅಂದ್ಕೋತಾರೆ, ಈ ಮಣ್ಣಲ್ಲಿ ಉಲ್ಟಾ. ಕಾಯಿಲ್ ವೈರ್ ಕೋಲಿಗೆ ಬಿಗಿಯಾಗಿ ಸುತ್ತಿರ್ಬೇಕು, ಜೋತಾಡ್ತಿದ್ರೆ ಅದಕ್ಕೂ ಸದ್ದು ಬರುತ್ತೆ.

ಪಂಪ್‌ಸೆಟ್:
ಮೋಟಾರ್ ಓಡ್ತಿದ್ರೆ ಅಥವಾ ತೋಟದ ಮೇಲೆ ಲೈನ್ ಹೋಗಿದ್ರೆ ಅದೂ ಕೂಗಿಸುತ್ತೆ ಸರ್. ಕರೆಂಟ್ ಹೋದಾಗ ಹುಡುಕಿ ನೋಡಿ, ಮೊಬೈಲ್ ಜೇಬಲ್ಲಿ ಇಟ್ಕೋಬೇಡಿ.

ಹಳೇನಾಣ್ಯ:
ಒಂದು ಮುಖ್ಯವಾದ ವಿಷ್ಯ ಹೇಳ್ತೀನಿ. ಕಸ ಬೇಡ ಅಂತ ಡಿಸ್ಕ್ರಿಮಿನೇಷನ್ (ಯಾವ ಲೋಹಕ್ಕೆ ಕೂಗ್ಬಾರ್ದು ಅನ್ನೋ ಸೆಟ್ಟಿಂಗ್) ಏರಿಸಿಬಿಟ್ರೆ ಗುಟ್ಕಾ ಪ್ಯಾಕೆಟ್, ಮಾತ್ರೆ ಚೀಟಿಯ ಅಲ್ಯೂಮಿನಿಯಂ ಜೊತೆ ಚಿನ್ನಾನೂ ಸುಮ್ನಾಗುತ್ತೆ, ಸಣ್ಣ ಚಿನ್ನದ ಸಿಗ್ನಲ್ ಹೆಚ್ಚು ಕಮ್ಮಿ ಅಲ್ಲೇ ಬೀಳೋದು. ಅದಕ್ಕೆ ಮೊಳೆ ಕಬ್ಬಿಣ ಮಾತ್ರ ಬಿಡೋ ಅಷ್ಟಕ್ಕೆ ಇಡಿ, ಉಳಿದಿದ್ದೆಲ್ಲ ಅಗೆದು ನೋಡ್ಲೇಬೇಕು, ಬೇಜಾರಾದ್ರೂ ಪರ್ವಾಗಿಲ್ಲ. ಕರಿಮಣಿ ಗಾಜು, ಕೂಗಲ್ಲ. ತೆಳ್ಳಗಿನ ಚೈನ್ ಕೂಡ ಕಷ್ಟ, ಒಂದೊಂದು ಕೊಂಡಿನೂ ಬೇರೆ ಬೇರೆ ಸಣ್ಣ ಚೂರಿನ ಥರ ಕಾಣುತ್ತೆ. ತಾಳಿ ತಟ್ಟೆ ಥರ ಇರೋದ್ರಿಂದ ಅದೇ ನಿಮ್ಮ ಗುರಿ. ಮನೇಲಿ ಯಾರದ್ದಾದ್ರೂ ಅಷ್ಟೇ ಗಾತ್ರದ ತಾಳಿ ಇದ್ರೆ ದಾರ ಕಟ್ಟಿ ದರಗಿನ (ಉದುರಿದ ಒಣ ಎಲೆ) ಕೆಳಗೆ ಇಟ್ಟು ಅದರ ಸದ್ದು ಕಿವಿಗೆ ಕೂರಿಸ್ಕೊಳ್ಳಿ.

ಇನ್ನೊಂದು, ಕಳೆದಿರೋ ತಾಳಿ ಇನ್ನೂ ದರಗಿನಲ್ಲೇ ಇರ್ಬಹುದು, ಇಲ್ಲ ಗೊಬ್ಬರದ ಬುಟ್ಟಿಗೇ ಬಿದ್ದಿರ್ಬಹುದು. ಪ್ಲಾಸ್ಟಿಕ್ ಬುಟ್ಟಿ ಆದ್ರೆ ಹಾಗೇ ನೋಡಿ, ಕಬ್ಬಿಣದ ಬುಟ್ಟಿ ಆದ್ರೆ ಗೊಬ್ಬರ ಟಾರ್ಪಾಲ್ ಮೇಲೆ ಸುರಿದು ನೋಡಿ. ಆಮೇಲೆ ನಾಲ್ಕು ಮರದ ನಡುವಿನ ಚೌಕ ಒಂದೊಂದೇ ಮುಗಿಸ್ಕೊಂಡು ಹೋಗಿ, ಕಾಯಿಲ್ ನೆಲಕ್ಕೆ ಎರಡು ಬೆರಳು ಮೇಲೆ, ನಿಧಾನಕ್ಕೆ, ಒಂದು ಬೀಸು ಹಿಂದಿನ ಬೀಸಿನ ಮೇಲೆ ಅರ್ಧ ಬರ್ಬೇಕು. ಕೊನೇಲಿ ಎತ್ತಿಬಿಡೋ ಅಭ್ಯಾಸ ಎಲ್ರಿಗೂ ಇರುತ್ತೆ, ಅಲ್ಲೇ ತಪ್ಪೋದು.

ಹುಡುಕ್ತಾ ನಿಮ್ದಲ್ಲದ ಹಳೇ ನಾಣ್ಯ ಗಿಣ್ಯ ಸಿಕ್ರೆ ಮಾತ್ರ ಇಟ್ಕೋಬೇಡಿ, 1962ರ ಟ್ರೆಷರ್ ಟ್ರೋವ್ (ನೆಲದಲ್ಲಿ ಸಿಕ್ಕ ನಿಧಿ) ಕಾಯ್ದೆ ಇದೆ, ಡಿಸಿ ಆಫೀಸಿಗೆ ತಿಳಿಸಿ.

ತೋಟದಮನೆ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಬ್ಯಾಲೆನ್ಸ್ ಮಾಡಿ ಸೆನ್ಸಿಟಿವಿಟಿ ಅರ್ಧಕ್ಕೆ ಇಳಿಸಿದ್ಮೇಲೆ ಕೂಗು ನಿಂತೇಬಿಡ್ತು. ಅತ್ತಿಗೆ ತಾಳಿ ಇಟ್ಟು ಪ್ರಾಕ್ಟೀಸ್ ಮಾಡ್ದೆ. ಬೆಳಗಿಂದ ಆರು ಚೌಕ ಆಯ್ತು, ಮೊಳೆ, ಮುರಿದ ಕತ್ತಿ ತುದಿ, ಮಾತ್ರೆ ಚೀಟಿ, ಮತ್ತೆ ಈಗ ಸಂಜೆ ಐದು ಗಂಟೆಗೆ ಕಾಲುವೆ ಪಕ್ಕದ ಬುಡದಲ್ಲಿ ದರಗು ಕೆದಕಿದ್ರೆ ಒಂದು ಗುಂಡು!! ಅಮ್ಮ ಕೈಯಲ್ಲಿ ಹಿಡ್ಕೊಂಡು ಅಲ್ಲೇ ಕೂತುಬಿಟ್ರು. ನಾಳೆ ಬೆಳಿಗ್ಗೆ ಆ ಬುಡದ ಸುತ್ತಾನೇ ಶುರು ಮಾಡ್ತೀನಿ.