ಎ, ಬಿ, ಸಿ: ಕಡಲ ಬದಿಯ ಮೂರು ಕಾಲೊನಿ, ಒಂದು ಎಕ್ಸೆಲ್ ಶೀಟ್

ಗುಂಪು: ಸಿವಿಲ್ ಹಳೇ ಬೆಂಚು

ನಂದೀಶ: 📎 ಕಡಲೂರಿಗೆ ಹೋಗೋದು – ಅಂತಿಮ – ನಿಜವಾಗ್ಲೂ ಅಂತಿಮ

ನಂದೀಶ: ಮನೆ ಕೊಳ್ಳೋಕೆ ನೋಡಿರೋ ಮೂರು ಜಾಗಕ್ಕೂ ಅಂಕ ಹಾಕಿದ್ದೀನಿ, ನೋಡಿ ಹೇಳ್ರಪ್ಪ. ಎ: ಮರಳದಂಡೆ ಮೇಲೇ ಇರೋ 11 ಮಹಡಿ ಅಪಾರ್ಟ್‌ಮೆಂಟ್, 24 ವರ್ಷ ಹಳೇದು. ಬಿ: ಅಳಿವೆ ಪಕ್ಕ ಮಣ್ಣು ತುಂಬಿಸಿ ಮಾಡಿರೋ ಹೊಸ ಲೇಔಟ್, ಹತ್ತು ಹೆಕ್ಟೇರ್, ಸಾಲುಮನೆ. ಸಿ: ಮೂರು ಕಿಲೋಮೀಟರ್ ಒಳಗೆ, ಗುಡ್ಡದ ಮೇಲಿನ ಹಳೇ ಕಾಲೊನಿ. ಎ 82, ಬಿ 78, ಸಿ 61.

ರವಿ: ಸಮುದ್ರ ಕಾಣದ ಮನೆಗೆ ಕಡಲೂರಿಗೆ ಯಾಕೆ ಹೋಗ್ಬೇಕು 😄 ಸಿ ತೆಗೆದುಹಾಕು. ನನ್ನ ಓಟು ಬಿ-ಗೆ. ಹೊಸದು, ಅಗಲ ರಸ್ತೆ.

ವಿನುತಾ: ಶೀಟ್ ತೆರೆದೆ. ಸಮುದ್ರ ನೋಟಕ್ಕೆ 20, ಈಜುಕೊಳಕ್ಕೆ 10, ಕಟ್ಟಡದ ಸ್ಥಿತಿಗೆ ಬರೀ 5. ಆ ಐದರಲ್ಲಿ ಎ-ಗೆ ಐದಕ್ಕೆ ಐದು ಹೇಗೆ ಕೊಟ್ಟೆ?

ನಂದೀಶ: ಹೋದ ವರ್ಷ ಪ್ಯಾಚ್ ಕೆಲಸ ಮಾಡಿಸಿ ಪೂರ್ತಿ ಬಣ್ಣ ಹೊಡೆಸಿದ್ದಾರಂತೆ. ಒಂದು ಬಿರುಕೂ ಕಾಣಲ್ಲ.

ವಿನುತಾ: ಬಣ್ಣ ಹೊಡೆದ ವರ್ಷ ಬಿರುಕು ಯಾರಿಗೆ ಕಾಣುತ್ತೆ ಮಾರಾಯ. ಪ್ಯಾಚ್ ಅಂದ್ಯಲ್ಲ, ಅದನ್ನೇ ಕೇಳ್ಬೇಕಿದ್ದಿದ್ದು. ಕಂಬಿ ತುಕ್ಕು ಹಿಡಿದು ಕಾಂಕ್ರೀಟ್ ಉದುರಿದ ಜಾಗವನ್ನಷ್ಟೇ ಕೆತ್ತಿ ಗಾರೆ ತುಂಬಿದ್ರೆ ರೋಗ ಪಕ್ಕಕ್ಕೆ ಹೋಗುತ್ತೆ. ತುಕ್ಕು ಹಿಡೀತಿದ್ದ ಭಾಗ ಆನೋಡ್ (ತಾನು ಸವೆಯೋ ತುದಿ) ಆಗಿ, ಅಕ್ಕಪಕ್ಕದ ಕಂಬಿಯನ್ನ ಅಷ್ಟುಮಟ್ಟಿಗೆ ಕಾಪಾಡ್ತಿರುತ್ತೆ. ಹೊಸ ಗಾರೆ ಬಿದ್ದ ತಕ್ಷಣ ಅದು ಕ್ಯಾಥೋಡ್ (ಸವೆಯದೆ ಉಳಿಯೋ ತುದಿ) ಆಗುತ್ತೆ. ಪ್ಯಾಚಿನ ಅಂಚಿನಾಚೆ ಉಪ್ಪು ಸೇರಿದ ಹಳೇ ಕಾಂಕ್ರೀಟಿನಲ್ಲಿರೋ ಕಂಬಿ ಆನೋಡ್ ಆಗಿ ತುಕ್ಕು ಹಿಡಿಯೋಕೆ ಶುರು. ಕೆಲವೇ ವರ್ಷಕ್ಕೆ ಪ್ಯಾಚಿನ ಸುತ್ತ ಉಂಗುರದ ಹಾಗೆ ಬಿರುಕು ಬರುತ್ತೆ. ಸರಿಯಾಗಿ ಮಾಡೋರು ಕಂಬಿ ಹಿಂದೆಯೂ 20 ಮಿ.ಮೀ. ಜಾಗ ಬಿಡಿಸಿ, ಶುದ್ಧ ಕಂಬಿ ಸಿಗೋವರೆಗೂ ಉದ್ದಕ್ಕೆ ಕೆತ್ತುತ್ತಾರೆ, ಅಂಚಿನಲ್ಲಿ ಕಂಬಿ ಬದಲು ತಾನೇ ಸವೆಯೋ ಸತುವಿನ ಆನೋಡ್ ಕಟ್ಟುತ್ತಾರೆ. ಕೆಲಸದ ಬಿಲ್ ತರಿಸು. ಅದರಲ್ಲಿ ಸತುವಿನ ಆನೋಡ್ ಇಲ್ಲ, ಬರೀ ‘ಗಾರೆ, ಪುಟ್ಟಿ, ಬಣ್ಣ’ ಇದ್ರೆ ಐದರಲ್ಲಿ ಒಂದು ಕೊಡು.

ರವಿ: ಕಡಲ ಬದಿ ಕಟ್ಟಡ ಅಂದ್ರೆ ತುಕ್ಕು ಇದ್ದಿದ್ದೇ. ಅದಕ್ಕೆ ಇಷ್ಟು ಭಯ ಬೀಳಿಸ್ಬೇಕಾ?

ವಿನುತಾ: ತುಕ್ಕು ಹಿಡಿದ ಕಬ್ಬಿಣ ಎರಡರಿಂದ ಆರು ಪಟ್ಟು ಜಾಗ ಕೇಳುತ್ತೆ, ಕಾಂಕ್ರೀಟ್ ಒಳಗಿಂದ ಒಡೆಯುತ್ತೆ. ಎಷ್ಟು ವರ್ಷಕ್ಕೆ ಅನ್ನೋದನ್ನ ತೀರ್ಮಾನಿಸೋದು ಕವರ್, ಅಂದ್ರೆ ಕಂಬಿ ಮೇಲಿರೋ ಕಾಂಕ್ರೀಟಿನ ದಪ್ಪ. ಉಪ್ಪು ಒಳಗಿಳಿಯೋ ಸಮಯ ಕವರಿನ ವರ್ಗಕ್ಕೆ (ಸ್ಕ್ವೇರ್) ತಕ್ಕ ಹಾಗೆ ಏರುತ್ತೆ. 50 ಮಿ.ಮೀ. ಕವರ್ ದಾಟೋಕೆ 25 ಮಿ.ಮೀ.ಗಿಂತ ನಾಲ್ಕು ಪಟ್ಟು ಕಾಲ ಬೇಕು. ಕಟ್ಟುವಾಗ ಕಂಬಿ ಎತ್ತಿ ಹಿಡಿಯೋ ಕವರ್ ಬ್ಲಾಕ್ ಸರಿದು ಕಂಬಿ ಕೆಳಗೆ ಕೂತಿದ್ರೆ ನಕ್ಷೆಯಲ್ಲಿ 50 ಅಂತ ಇದ್ದೂ ಪ್ರಯೋಜನ ಇಲ್ಲ. ಕವರ್ ಮೀಟರಲ್ಲಿ ಅಳೆದ ಪಟ್ಟಿ ಕೇಳು.

ವಿನುತಾ: ಇನ್ನು ಎರಡು ಪರೀಕ್ಷೆ. ಹಾಫ್ ಸೆಲ್, ಅಂದ್ರೆ ಒಳಗಿನ ಕಂಬಿಯ ವೋಲ್ಟೇಜನ್ನ ಕಾಂಕ್ರೀಟಿನ ಮೇಲಿಂದ ಅಳೆಯೋದು: ತಾಮ್ರ–ತಾಮ್ರದ ಸಲ್ಫೇಟ್ ಎಲೆಕ್ಟ್ರೋಡಿನಲ್ಲಿ −350 ಮಿಲಿವೋಲ್ಟಿಗಿಂತ ಹೆಚ್ಚು ಋಣ ಬಂದ್ರೆ ಅಲ್ಲಿ ತುಕ್ಕು ನಡೀತಿರೋ ಸಾಧ್ಯತೆ ಶೇಕಡಾ 90ಕ್ಕಿಂತ ಜಾಸ್ತಿ. −200ಕ್ಕಿಂತ ಕಮ್ಮಿ ಋಣ ಇದ್ರೆ ನಿರಾಳ. ಎರಡನೇದು, 10 ಮಿ.ಮೀ.ಗೊಂದು ಪದರ ಹಾಗೆ ಡ್ರಿಲ್ ಪುಡಿ ತೆಗೆದು ಕ್ಲೋರೈಡ್ ನೋಡೋದು. ಕಂಬಿಯ ಆಳದಲ್ಲಿ ಸಿಮೆಂಟ್ ತೂಕದ 0.4% ಮುಟ್ಟಿದ್ರೆ ತುಕ್ಕಿಗೆ ಬಾಗಿಲು ತೆರೀತು ಅಂತ ಲೆಕ್ಕ. ಇದೆಲ್ಲ ಸಿಗದಿದ್ರೆ ಬೇಸ್‌ಮೆಂಟ್ ಪಾರ್ಕಿಂಗಿಗೆ ಇಳಿದು ತಲೆ ಎತ್ತಿ ನೋಡು. ಬಣ್ಣ ಹೊಡೆಯೋರು ಅಲ್ಲಿಗೆ ಹೋಗಿರಲ್ಲ. ಕಂಬಿ ಗೆರೆಯ ಗುಂಟ ನೇರ ಬಿರುಕು, ಕಂದು ಕಲೆ, ಬಿಳಿ ಲವಣದ ಪದರ ಇದ್ಯಾ? ಸಣ್ಣ ಸುತ್ತಿಗೇಲಿ ತಟ್ಟಿದ್ರೆ ಟೊಳ್ಳು ಸದ್ದು ಬರುತ್ತಾ?

ಗುರುರಾಜ್: ಈಜುಕೊಳಕ್ಕೆ ಹತ್ತು ಅಂಕ ಕೊಟ್ಟಿದ್ದೀಯಲ್ಲ ನಂದೀ, ಅದರ ಕೆಳಗೆ ಏನಿದೆ ಕೇಳಿದ್ಯಾ? ಪಾರ್ಕಿಂಗ್ ತಾನೇ?

ನಂದೀಶ: ಹೂಂ, ಪೋಡಿಯಂ (ಕಟ್ಟಡದ ಬುಡದ ಅಗಲ ಚಾವಣಿ) ಮೇಲೆ ಕೊಳ, ಕೆಳಗೆ ಪಾರ್ಕಿಂಗ್.

ಗುರುರಾಜ್: ಫ್ಲೋರಿಡಾದ ಸರ್ಫ್‌ಸೈಡ್ ನೆನಪಿರಬೇಕು. 12 ಮಹಡಿ, 1981ರ ಕಟ್ಟಡ, 2021ರ ಜೂನ್ 24ರ ಬೆಳಗಿನ ಜಾವ ಅರ್ಧ ಕುಸೀತು, 98 ಜನ ಹೋದ್ರು. ಕೊಳದ ಡೆಕ್ಕಿನ ಜಲನಿರೋಧಕ ಪದರ ಹಾಳಾಗಿದೆ, ನೀರು ಹರಿದುಹೋಗೋಕೆ ಇಳಿಜಾರೇ ಇಲ್ಲ, ಕೆಳಗಿನ ಸ್ಲ್ಯಾಬ್ ಕೆಡ್ತಿದೆ ಅಂತ 2018ರಲ್ಲೇ ಎಂಜಿನಿಯರ್ ವರದಿ ಕೊಟ್ಟಿದ್ರು. ನಿವಾಸಿಗಳ ಸಂಘದಲ್ಲಿ ಯಾರು ಎಷ್ಟು ಹಾಕ್ಬೇಕು ಅನ್ನೋ ಜಗಳ ಮುಗಿದು ರಿಪೇರಿಗೆ ವಂತಿಗೆ ಒಪ್ಪಿಗೆ ಆಗಿದ್ದು 2021ರ ಏಪ್ರಿಲ್‌ನಲ್ಲಿ.

ವಿನುತಾ: ಕಾರಣ ತುಕ್ಕು ಒಂದೇ ಅಲ್ಲ ಗುರು. ಡೆಕ್ಕಿನ ವಿನ್ಯಾಸದಲ್ಲೇ ಬಲ ಕಮ್ಮಿ ಇತ್ತು ಅಂತ ತನಿಖೆಯಲ್ಲಿ ಬಂದಿದೆ. ಆದ್ರೂ ನೀನು ಹೇಳ್ತಿರೋದು ಸರಿ.

ಗುರುರಾಜ್: ನಾನು ಹೇಳ್ತಿರೋದು ಲೆಕ್ಕಪುಸ್ತಕದ ವಿಷಯ. ಅದಾದ ಮೇಲೆ 2022ರಲ್ಲಿ ಅಲ್ಲಿ ಕಾನೂನು ಬಂತು: ಮೂರು ಅಥವಾ ಅದಕ್ಕಿಂತ ಹೆಚ್ಚು ಮಹಡಿಯ ಕಾಂಡೋಗಳಿಗೆ (ಒಂದೊಂದು ಮನೆಗೂ ಬೇರೆ ಮಾಲೀಕರಿರೋ ಅಪಾರ್ಟ್‌ಮೆಂಟ್) 30 ವರ್ಷಕ್ಕೆ ರಚನಾ ತಪಾಸಣೆ, ಕಡಲ ಹತ್ತಿರದವಕ್ಕೆ ಸ್ಥಳೀಯ ಆಡಳಿತ 25ಕ್ಕೇ ಕೇಳಬಹುದು, ಜೊತೆಗೆ ಮುಂದಿನ ರಿಪೇರಿಗೆ ಮೀಸಲು ನಿಧಿ ಎಷ್ಟು ಬೇಕು ಅನ್ನೋ ಅಧ್ಯಯನ. ನಮ್ಮ ಶೀಟಲ್ಲಿ ಮೀಸಲು ನಿಧಿಗೆ ಕಾಲಂ ಕೂಡ ಇಲ್ಲ. ಎ-ನಲ್ಲಿ ತಿಂಗಳ ನಿರ್ವಹಣೆ ಕಮ್ಮಿ ಅಂತ 10ಕ್ಕೆ 9 ಹಾಕಿದ್ದಾನೆ. 24 ವರ್ಷದ ಕಡಲ ಕಟ್ಟಡದಲ್ಲಿ ಅದು ಗುಣ ಅಲ್ಲ, ಕೆಲಸ ಮುಂದೂಡಿದ್ದಾರೆ ಅನ್ನೋದಕ್ಕೆ ಸಾಕ್ಷಿ.

ನಂದೀಶ: ಏನು ಕೇಳ್ಬೇಕು ಹೇಳು, ತರಿಸ್ತೀನಿ.

ಗುರುರಾಜ್: ಮೂರು ವರ್ಷದ ಆಡಿಟ್ ಆದ ಲೆಕ್ಕ, ಸಾಮಾನ್ಯ ಸಭೆ ಮತ್ತು ಸಮಿತಿ ಸಭೆ ಎರಡರ ನಡಾವಳಿ, ಬಾಕಿದಾರರ ಪಟ್ಟಿ (ಹೆಸರು ಬೇಡ, ಮನೆ ಸಂಖ್ಯೆ ಸಾಕು), ವಿಮೆ ಪಾಲಿಸಿಯ ಪೂರ್ತಿ ಪ್ರತಿ. ನಡಾವಳಿಯಲ್ಲಿ ‘ಸೋರಿಕೆ’ ‘ಟೆಂಡರ್’ ‘ಮುಂದಿನ ಸಭೆಗೆ’ ಈ ಮೂರು ಪದ ಹುಡುಕು. ಒಂದೇ ಸೋರಿಕೆ ನಾಲ್ಕು ಸಭೆಯಲ್ಲಿ ಬಂದಿದ್ರೆ ಉಳಿದದ್ದು ಓದೋದೇ ಬೇಡ. ವಿಮೆಯಲ್ಲಿ ಹೊರಗಿಟ್ಟಿರೋದರ ಪಟ್ಟಿ ಮೊದಲು ಓದು. ತುಕ್ಕು, ನಿಧಾನ ಸವೆತ ಸಾಮಾನ್ಯವಾಗಿ ಅಲ್ಲೇ ಇರುತ್ತೆ. ಬಿರುಗಾಳಿಗೆ ಕೊಟ್ಟು ಪ್ರವಾಹಕ್ಕೆ ಕೊಡದ ಪಾಲಿಸಿಗಳೂ ಇವೆ, ಕಡಲ ಬದಿಯಲ್ಲಿ ಎರಡೂ ಒಟ್ಟಿಗೇ ಬರೋದು.

ಗುರುರಾಜ್: ಇನ್ನೊಂದು. ಪ್ರವಾಸಿಗರಿಲ್ಲದ ಕಾಲದಲ್ಲಿ ರಾತ್ರಿ ಎಂಟಕ್ಕೆ ಕೆಳಗೆ ನಿಂತು ದೀಪ ಉರಿಯೋ ಮನೆ ಎಣಿಸು. ಅರ್ಧಕ್ಕರ್ಧ ಕತ್ತಲೆ ಇದ್ರೆ ಅವು ರಜೆಮನೆಗಳು. ಅವರು ಸಭೆಗೆ ಬರಲ್ಲ, ಕೋರಂ ಆಗಲ್ಲ, ದೊಡ್ಡ ಖರ್ಚಿಗೆ ಒಪ್ಪಿಗೆ ಸಿಗಲ್ಲ.

ರವಿ: ಆಯ್ತಪ್ಪ, ಎ ಬಿತ್ತು. ಅದಕ್ಕೇ ಹೇಳಿದ್ದು ಬಿ ಅಂತ. ಹೊಸ ಕಾಂಕ್ರೀಟು, ಹೊಸ ಚರಂಡಿ.

ಇಕ್ಬಾಲ್: ಹೊಸ ಚರಂಡಿ ಎಲ್ಲಿಗೆ ಹೋಗಿ ಬೀಳುತ್ತೆ ರವಿ?

ರವಿ: ಅಳಿವೆಗೆ.

ಇಕ್ಬಾಲ್: ಹೊರಬಾಯಿಯ ಮಟ್ಟ ಎಷ್ಟು?

ರವಿ: ಬ್ರೋಷರಲ್ಲಿ ‘ಸಮುದ್ರ ಮಟ್ಟದಿಂದ 2.4 ಮೀಟರ್ ಎತ್ತರ’ ಅಂತ ಇದೆ. ಸಾಕಲ್ವಾ?

ಇಕ್ಬಾಲ್: ಅದು ರಸ್ತೆಯ ಮಟ್ಟ, ಅದೂ ಸರಾಸರಿ ಸಮುದ್ರ ಮಟ್ಟದಿಂದ. ಸಮುದ್ರ ಸರಾಸರಿಯಲ್ಲಿ ನಿಂತಿರಲ್ಲ. ಉದಾಹರಣೆಗೆ ಅಲ್ಲಿ ಅಮಾವಾಸ್ಯೆ–ಹುಣ್ಣಿಮೆ ಉಬ್ಬರ ಸರಾಸರಿಗಿಂತ 1.6 ಮೀಟರ್ ಏರುತ್ತೆ ಅಂದ್ಕೊ. ಚರಂಡಿ ತಳ ರಸ್ತೆಗಿಂತ ಒಂದು ಮೀಟರ್ ಕೆಳಗೆ, ಅಂದ್ರೆ 1.4. ಮಳೆ ಬೇಡ, ಗಾಳಿ ಬೇಡ, ಹದಿನೈದು ದಿನಕ್ಕೊಮ್ಮೆ ಬರೋ ದೊಡ್ಡ ಉಬ್ಬರಕ್ಕೇ ಹೊರಬಾಯಿ ಮುಳುಗುತ್ತೆ. ವಾಯುಭಾರ ಕುಸಿದ್ರೆ ಒಂದು ಹೆಕ್ಟೊಪಾಸ್ಕಲಿಗೆ ಸುಮಾರು ಒಂದು ಸೆಂಟಿಮೀಟರ್ ನೀರು ಏರುತ್ತೆ. 1013 ಇರೋದು ಚಂಡಮಾರುತದಲ್ಲಿ 960ಕ್ಕೆ ಇಳಿದ್ರೆ ಅದೇ ಅರ್ಧ ಮೀಟರ್, ಗಾಳಿ ನೂಕಿ ತರೋ ನೀರು ಬೇರೆ. 2.4ರಲ್ಲಿ ಉಳಿದಿದ್ದು ಎಷ್ಟು, ನೀನೇ ಕಳೆ.

ರವಿ: ಹೊರಬಾಯಿಗೆ ಫ್ಲ್ಯಾಪ್ ವಾಲ್ವ್ (ಹೊರಗಡೆಗಷ್ಟೇ ತೆರೆಯೋ ಮುಚ್ಚಳ) ಹಾಕಿದ್ದಾರೆ, ಫೋಟೋ ಇದೆ.

ಇಕ್ಬಾಲ್: ಫ್ಲ್ಯಾಪ್ ಮುಚ್ಚಿದಾಗ ಸಮುದ್ರ ಒಳಗೆ ಬರಲ್ಲ, ನಿಜ. ಒಳಗಿನ ಮಳೆನೀರೂ ಹೊರಗೆ ಹೋಗಲ್ಲ. ಹತ್ತು ಹೆಕ್ಟೇರ್, ಗಂಟೆಗೆ 50 ಮಿ.ಮೀ. ಮಳೆ, ಅದರಲ್ಲಿ 70% ಹರಿದುಬರುತ್ತೆ ಅಂದ್ರೆ ಗಂಟೆಗೆ 3500 ಘನ ಮೀಟರ್. ಹೊರಬಾಯಿ ನಾಲ್ಕು ಗಂಟೆ ಮುಚ್ಚಿದ್ರೆ, ಮಳೆಯೂ ಹಾಗೇ ಸುರಿದ್ರೆ, 14,000 ಘನ ಮೀಟರ್ ಎಲ್ಲೋ ನಿಲ್ಲಬೇಕು. ಒಂದು ಮೀಟರ್ ಆಳದ ಕೊಳ ಮಾಡಿದ್ರೂ 1.4 ಹೆಕ್ಟೇರ್, ಲೇಔಟಿನ ಏಳನೇ ಒಂದು ಭಾಗ. ಇಲ್ಲಾ, ಸೆಕೆಂಡಿಗೆ ಸಾವಿರ ಲೀಟರ್ ಹತ್ತಿರ ಎತ್ತೋ ಪಂಪು ಬೇಕು. ನಕ್ಷೆಯಲ್ಲಿ ಕೊಳ ಎಲ್ಲಿ, ಪಂಪ್‌ಹೌಸ್ ಎಲ್ಲಿ, ಅದರ ಡೀಸೆಲ್ ಜನರೇಟರ್ ಯಾವ ಮಟ್ಟದಲ್ಲಿ?

ರವಿ: ಒಂದು ತಾವರೆ ಕೊಳ ಇದೆ 🙈

ಇಕ್ಬಾಲ್: ತಾವರೆ ಕೊಳ ಯಾವಾಗಲೂ ತುಂಬಿರುತ್ತೆ. ನೀರು ಹಿಡಿಯೋ ಕೊಳ ಖಾಲಿ ಇರಬೇಕು. ಫ್ಲ್ಯಾಪ್ ಬಗ್ಗೆಯೂ ಹೇಳ್ಬಿಡ್ತೀನಿ: ಕಪ್ಪೆಚಿಪ್ಪು ಬೆಳೆದು, ತೆಂಗಿನ ಸಿಪ್ಪೆ, ಪ್ಲಾಸ್ಟಿಕ್ ಸಿಕ್ಕಿ ಅದು ಅರ್ಧ ತೆರೆದೇ ನಿಲ್ಲುತ್ತೆ. ಯಾರು, ಎಷ್ಟು ದಿನಕ್ಕೊಮ್ಮೆ ತೆಗೀತಾರೆ ಕೇಳು.

ರವಿ: ಸಮುದ್ರ ಮಟ್ಟ ಏರಿಕೆ ಅಂತ ಹೆದರಿಸೋರನ್ನ ನಾನು ನಂಬಲ್ಲ. ವರ್ಷಕ್ಕೆ 3.7 ಮಿ.ಮೀ., ಮೂವತ್ತು ವರ್ಷಕ್ಕೆ 11 ಸೆಂ.ಮೀ. ಒಂದು ಇಟ್ಟಿಗೆ ಎತ್ತರ.

ಇಕ್ಬಾಲ್: 3.7 ಅನ್ನೋದು 2006ರಿಂದ 2018ರ ಸರಾಸರಿ. 1901–1971ರಲ್ಲಿ ಅದು 1.3 ಇತ್ತು. ವೇಗ ಹೆಚ್ಚುತ್ತಿದೆ, ನಿನ್ನ ಇಟ್ಟಿಗೆ ಹಾಗೇ ನಿಲ್ಲಲ್ಲ. ಚರಂಡಿ ತಳಕ್ಕೂ ಉಬ್ಬರಕ್ಕೂ ಇರೋ ಅಂತರವೇ 20 ಸೆಂ.ಮೀ. ಆಗಿದ್ರೆ 11 ಅದರಲ್ಲಿ ಅರ್ಧಕ್ಕಿಂತ ಜಾಸ್ತಿ. ಬಿ-ಯಲ್ಲಿ ಅದಕ್ಕಿಂತ ಬೇಗ ನೆಲವೇ ಇಳಿಯುತ್ತೆ. ಮೆತ್ತನೆ ಜೇಡಿ ಮೇಲೆ ಎರಡು ಮೀಟರ್ ಮಣ್ಣು ಹೇರಿದ್ರೆ ಚದರ ಮೀಟರಿಗೆ ಮೂರೂವರೆ ಟನ್ ಭಾರ, ಜೇಡಿಯೊಳಗಿನ ನೀರು ವರ್ಷಗಟ್ಟಲೆ ಹಿಂಡಿ ಹೊರಬರುತ್ತೆ. ಮನೆ ಪೈಲ್ (ಆಳಕ್ಕೆ ಇಳಿಸಿದ ಕಂಬ) ಮೇಲೆ ನಿಂತಿರುತ್ತೆ, ರಸ್ತೆ ಇಳಿಯುತ್ತೆ. ಮೊದಲು ಕಟ್ಟಿದ ಸಾಲಿಗೆ ಹೋಗಿ ಮೆಟ್ಟಿಲಿಗೂ ಅಂಗಳಕ್ಕೂ ಬಿಟ್ಟಿರೋ ಸಂದಿ ನೋಡು. ಸಂದಿ ಇದ್ದಲ್ಲಿ ಒಳಚರಂಡಿ ಪೈಪ್ ಮನೆಯಿಂದ ಹೊರಬರೋ ಕಡೆ ಮುರಿದಿರುತ್ತೆ, ಇಲ್ಲಾ ಇಳಿಜಾರು ತಿರುಗಿರುತ್ತೆ.

ನಂದೀಶ: ಮಟ್ಟ ನಾವೇ ಪರೀಕ್ಷೆ ಮಾಡೋಕೆ ಆಗಲ್ವಾ? ಫೋನಲ್ಲಿ ಎತ್ತರ ತೋರಿಸುತ್ತಲ್ಲ.

ಇಕ್ಬಾಲ್: ಫೋನಿನ ಎತ್ತರ ಹತ್ತು ಮೀಟರ್ ಆಚೀಚೆ ಹೋಗುತ್ತೆ. ಉಪಗ್ರಹದ ಉಚಿತ ನಕ್ಷೆಗಳು ಎಷ್ಟೋ ಕಡೆ ಮರದ ತಲೆ, ಮನೆ ಮಾಡನ್ನೇ ನೆಲ ಅಂದುಕೊಂಡಿರ್ತವೆ. ಬೆಂಚ್‌ಮಾರ್ಕಿನಿಂದ (ಎತ್ತರ ನಿಖರವಾಗಿ ಗೊತ್ತಿರೋ ಸರ್ವೇ ಗುರುತು) ತಂದ ಸರ್ವೇ ಮಟ್ಟವೇ ಬೇಕು. ಇಲ್ಲಾಂದ್ರೆ ಪಾರದರ್ಶಕ ಪೈಪಿಗೆ ನೀರು ತುಂಬಿ, ಗುಳ್ಳೆ ಹೋಗಿಸಿ, ದೊಡ್ಡ ಉಬ್ಬರದ ಹೊತ್ತಿಗೆ ಅಳಿವೆಯ ನೀರಿಗೂ ಹತ್ತಿರದ ಮನೆ ಹೊಸಿಲಿಗೂ ಎಷ್ಟು ವ್ಯತ್ಯಾಸ ಅಂತ ಹಿಡಿ. ಸಮುದ್ರವನ್ನೇ ಬೆಂಚ್‌ಮಾರ್ಕ್ ಮಾಡ್ಕೊಂಡ ಹಾಗೆ.

ಶೈಲಜಾ: ನೀರಿನ ಕಾಲಂನಲ್ಲಿ ಮೂರಕ್ಕೂ ‘ಬೋರ್‌ವೆಲ್ ಇದೆ’ ಅಂತ ಟಿಕ್ ಹಾಕಿದ್ದೀಯ. ಇದೆ ಅನ್ನೋದಲ್ಲ, ಎಂಥ ನೀರು ಅನ್ನೋದು. ಕಡಲ ಬದಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲ್ತಿರುತ್ತೆ. ಸಾಂದ್ರತೆ ಸಿಹಿನೀರಿಗೆ 1.000, ಉಪ್ಪುನೀರಿಗೆ 1.025. ಲೆಕ್ಕ ಹಾಕಿದ್ರೆ ಸಮುದ್ರ ಮಟ್ಟದ ಮೇಲೆ ಒಂದು ಮೀಟರ್ ಸಿಹಿನೀರಿದ್ರೆ ಕೆಳಗೆ ನಲವತ್ತು ಮೀಟರ್. ಪಂಪ್ ಮಾಡಿ ಮೇಲಿನ ಮಟ್ಟ ಅರ್ಧ ಮೀಟರ್ ಶಾಶ್ವತವಾಗಿ ಇಳಿಸಿದ್ರೆ ಕೆಳಗಿಂದ ಉಪ್ಪು ಇಪ್ಪತ್ತು ಮೀಟರ್ ಏರುತ್ತೆ. ಬೋರ್ ಆಳ ಮಾಡಿದಷ್ಟೂ ಕೇಡು.

ಶೈಲಜಾ: ನೀರಲ್ಲಿ ಉಪ್ಪು ಎಷ್ಟು ಅಂತ ತೋರಿಸೋ ವಾಹಕತೆ ಮೀಟರ್ ಜೇಬಲ್ಲಿ ಹಿಡಿಯುತ್ತೆ, ಒಂದು ತಗೊ. ಸಮುದ್ರದ ನೀರು ಸೆಂಟಿಮೀಟರಿಗೆ ಸುಮಾರು 50,000 ಮೈಕ್ರೊಸೀಮೆನ್ಸ್. ಬೋರ್ ಒಂದು ಗಂಟೆ ಓಡಿದ ಮೇಲೆ, ಬೇಸಿಗೆಯ ಕೊನೆಯಲ್ಲಿ, ಶುದ್ಧೀಕರಣ ಘಟಕಕ್ಕೆ ಹೋಗೋ ಮುಂಚಿನ ನಲ್ಲಿಯಲ್ಲಿ ಹಿಡಿ. ಮೊದಲ ನಿಮಿಷದ ಮತ್ತು ಗಂಟೆಯ ನಂತರದ ಅಂಕಿ ಎರಡೂ ಬರ್ಕೊ. ಏರ್ತಾ ಹೋದ್ರೆ ಉಪ್ಪು ಮೇಲೆ ಬರ್ತಿದೆ. ಕ್ಲೋರೈಡ್ ಲೀಟರಿಗೆ 250 ಮಿ.ಗ್ರಾಂ. ದಾಟಿದ್ರೆ ನಾಲಗೆಗೇ ಗೊತ್ತಾಗುತ್ತೆ, ಗೀಸರ್ ತೊಟ್ಟಿಗೆ ಅದಕ್ಕೂ ಮುಂಚೆ.

ರವಿ: ಸರಿ, ಹಾಗಾದ್ರೆ ಎಲ್ಲರೂ ಸಿ-ಗೆ ಜೈ ಅನ್ನಿ.

ಶೈಲಜಾ: ಯಾರು ಅಂದ್ರು? ಗುಡ್ಡದ ಮೇಲೆ ನೀರು ಕಮ್ಮಿ. ಟ್ಯಾಂಕರ್ ಬರೋ ತಿಂಗಳು ಎಷ್ಟು ಅಂತ ಕಾವಲುಗಾರನನ್ನ ಕೇಳ್ಬೇಕು. ಸಂಘದವರು ಹೇಳಲ್ಲ.

ಹೆಗಡೆ ಸರ್: ಸಿ-ಯಲ್ಲಿ ತಡೆಗೋಡೆಗಳನ್ನ ನೋಡಿ ನಂದೀಶ್. ನೀರು ಬಸಿಯೋ ಕಿಂಡಿಗಳ ಹಿಂದೆ ಜಲ್ಲಿ ಹಾಕದೆ ಮಣ್ಣೇ ತುಂಬಿದ್ರೆ ಎರಡು ಮಳೆಗಾಲಕ್ಕೆ ಕಟ್ಟಿಕೊಳ್ಳುತ್ತೆ. ಗೋಡೆ ಹಿಂದೆ ನೀರು ನಿಂತ್ರೆ ಒತ್ತಡ ದುಪ್ಪಟ್ಟು ದಾಟುತ್ತೆ. ಮಳೆ ನಿಂತ ಮರುದಿನ ಹೋಗಿ. ಕಿಂಡಿಯಿಂದ ನೀರು ಬರ್ತಿದ್ರೆ ಒಳ್ಳೇದು. ಕಿಂಡಿ ಒಣಗಿ ಗೋಡೆ ಮೈ ಬೆವರ್ತಿದ್ರೆ ಕೆಟ್ಟದ್ದು. ಇಳಿಜಾರಿನ ಕೆಳಗಿನ ಸಾಲಿನ ಮನೆ ತಗೋಬೇಡಿ.

ನಂದೀಶ: ಸರ್, ಎ ಬಗ್ಗೆ ನಿಮ್ಮ ಅಭಿಪ್ರಾಯ? ಮುಂದೆ ಕಲ್ಲಿನ ತಡೆಗೋಡೆ ಇದೆ, ಕಡಲ್ಕೊರೆತದ ಭಯ ಇಲ್ಲ ಅಂತಾರೆ.

ಹೆಗಡೆ ಸರ್: ಗೋಡೆ ಇದೆ ಅಂದ್ರೆ ಕೊರೆತ ಆಗಿದೆ ಅಂತಲೇ ಅರ್ಥ. ಅಲೆ ಗೋಡೆಗೆ ಬಡಿದು ವಾಪಸ್ಸು ಹೋಗುವಾಗ ಮುಂದಿನ ಮರಳನ್ನ ಎಳೆದುಕೊಂಡು ಹೋಗುತ್ತೆ, ಬುಡ ಆಳ ಆಗುತ್ತೆ, ದೊಡ್ಡ ಅಲೆಗೆ ದಾರಿಯಾಗುತ್ತೆ. ಗೋಡೆ ಮುಗಿಯೋ ತುದಿಯಲ್ಲಿ ಕೊರೆತ ಇನ್ನೂ ಜಾಸ್ತಿ. ಮರಳು ದಡದ ಗುಂಟ ಹರಿಯುತ್ತೆ. ಹರಿದುಬರೋ ದಿಕ್ಕಿನಲ್ಲಿ ಹೊಸ ಬಂದರಿನ ಅಲೆತಡೆ ಕಟ್ಟಿದ್ರೆ ಈಚೆಗೆ ಮರಳೇ ಬರಲ್ಲ. ಗೂಗಲ್ ಅರ್ಥ್‌ನಲ್ಲಿ 1984ರಿಂದ ಉಪಗ್ರಹ ಚಿತ್ರಗಳ ಟೈಮ್‌ಲ್ಯಾಪ್ಸ್ ಇದೆ. ದಡದ ಗೆರೆ ಎಲ್ಲಿತ್ತು, ಎಲ್ಲಿದೆ ನೋಡಿ. ಒಂದೆರಡು ವರ್ಷದ್ದನ್ನಲ್ಲ, ಋತುವಿನ ಏರಿಳಿತವೇ ಹತ್ತಾರು ಮೀಟರ್ ಇರುತ್ತೆ. ದಿನಾಂಕ ಇರೋ ಹಳೇ ಚಿತ್ರಗಳಾದ್ರೆ ಬೇರೆ ಬೇರೆ ವರ್ಷದ ಅದೇ ತಿಂಗಳಿನವನ್ನ ಹೋಲಿಸಿ.

ನಂದೀಶ: ನಾನು ನೋಡಿರೋದು ಏಳನೇ ಮಹಡಿ. ನೀರು ಅಲ್ಲಿವರೆಗೆ ಬರಲ್ಲ ಅಲ್ವಾ?

ಇಕ್ಬಾಲ್: ನೀರು ಬರಲ್ಲ. ಪ್ಯಾನೆಲ್ ರೂಮು, ಸಂಪ್ ಪಂಪು, ಲಿಫ್ಟ್ ಗುಂಡಿ ಬೇಸ್‌ಮೆಂಟಲ್ಲಿವೆ. 2012ರ ಸ್ಯಾಂಡಿಯಲ್ಲಿ ನ್ಯೂಯಾರ್ಕಿನ ದೊಡ್ಡ ಆಸ್ಪತ್ರೆಗಳನ್ನೇ ಖಾಲಿ ಮಾಡಿಸಬೇಕಾಯ್ತು, ಜನರೇಟರ್ ಮೇಲಿದ್ರೂ ಇಂಧನದ ಪಂಪ್ ನೆಲಮಾಳಿಗೆಯಲ್ಲಿ ಮುಳುಗಿತ್ತು ಅಂತ.

ವಿನುತಾ: ಏಳನೇ ಮಹಡಿ ಅಂದ್ರೆ ಎಸಿ ಹೊರಘಟಕವೂ ಅಲ್ಲೇ. ಅಲ್ಯೂಮಿನಿಯಂ ರೆಕ್ಕೆ, ತಾಮ್ರದ ಕೊಳವೆ, ನಡುವೆ ಉಪ್ಪು: ರೆಕ್ಕೆ ಪುಡಿಯಾಗುತ್ತೆ. ತೇವಾಂಶ 75% ದಾಟಿದ್ರೆ ಉಪ್ಪು ತಾನೇ ನೀರು ಹೀರಿ ಒದ್ದೆಯಾಗುತ್ತೆ, ಅಂಥ ಗಂಟೆಗಳು ಅಲ್ಲಿ ಜಾಸ್ತಿ. ಬಾಲ್ಕನಿ ಕಟಕಟೆಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿದ್ರೆ ಚುಕ್ಕಿಚುಕ್ಕಿ ತುಕ್ಕು. ಮಾಲಿಬ್ಡಿನಂ ಇರೋ 316 ಬೇಕು. ಆಯಸ್ಕಾಂತ ಹಿಡಿದು ಎರಡರ ವ್ಯತ್ಯಾಸ ಗೊತ್ತಾಗಲ್ಲ, ಬಿಲ್ಲೇ ನೋಡ್ಬೇಕು.

ನಂದೀಶ: ಎ ಸಂಘದವರಿಗೆ ಈಗಷ್ಟೇ ಫೋನ್ ಮಾಡಿದ್ದೆ. ಲೆಕ್ಕ ಕೊಡ್ತೀವಿ, ನಡಾವಳಿ ಕೊಡಲ್ಲ, ಹಾಫ್ ಸೆಲ್‌ಗೆ ಒಪ್ಪಲ್ಲ ಅಂದ್ರು.

ಗುರುರಾಜ್: ಮಾರೋ ಮಾಲೀಕರ ಕಡೆಯಿಂದ ಕೇಳಿಸು. ಸದಸ್ಯರು ಕೇಳಿದ್ರೆ ನಡಾವಳಿಗೆ ಇಲ್ಲ ಅನ್ನೋದು ಕಷ್ಟ. ಅವರಿಗೂ ಕೊಡಲ್ಲ ಅಂದ್ರೆ ಆ ಸಾಲನ್ನೇ ಅಳಿಸು.

ರವಿ: ಬಿ-ಯ ಅಂಕ ಮಾತ್ರ ಈಗಲೇ ಇಳಿಸ್ಬೇಡ. ಹೊರಬಾಯಿ ಮಟ್ಟ ಯಾರೂ ಅಳೆದಿಲ್ಲ. ಇಕ್ಬಾಲ್ ಹೇಳಿದ್ದು ಉದಾಹರಣೆ ಲೆಕ್ಕ.

ಇಕ್ಬಾಲ್: ಒಪ್ಪಿದೆ. ಹುಣ್ಣಿಮೆಯ ಮಾರನೇ ದಿನ ಅಥವಾ ಅದರ ಮರುದಿನ, ಉಬ್ಬರದ ಕೋಷ್ಟಕ ನೋಡ್ಕೊಂಡು ಅರ್ಧ ಗಂಟೆ ಮುಂಚೆ ಹೊರಬಾಯಿ ಹತ್ತಿರ ನಿಂತ್ಕೋ. ಹಿಂದಿನ ಎರಡು ದಿನ ಮಳೆ ಬಿದ್ದಿರಬಾರದು. ಬಿಸಿಲಲ್ಲಿ ರಸ್ತೆಯ ಜಾಲರಿಯಿಂದ ನೀರು ಮೇಲೆ ಬಂದ್ರೆ ವಾಹಕತೆ ಮೀಟರ್ ಅದ್ದು, ಸಮುದ್ರದ ನೀರಾ ಅಂತ ಗೊತ್ತಾಗುತ್ತೆ.

ಶೈಲಜಾ: ಹೋಗೋ ಮುಂಚೆ ಮೀಟರನ್ನ 1413 ಮೈಕ್ರೊಸೀಮೆನ್ಸಿನ ಅಳತೆ ದ್ರಾವಣದಲ್ಲಿ ಸರಿಮಾಡ್ಕೊ, ನಂದೀ. ರವಿಯೂ ಜೊತೆಗೆ ಹೋಗಲಿ.