ಕಾರ್ಡ್ ಗೊತ್ತು, ಸ್ಕೇಲ್ ಗೊತ್ತು, ಹಾಡು ಮಾತ್ರ ಬರ್ತಿಲ್ಲ: ಗಿಟಾರ್ ಕಲಿತವರು ಅನುಭವ ಹೇಳಿ

ಪ್ರಶ್ನೆ, ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ. ಐದು ತಿಂಗಳ ಹಿಂದೆ ಗಿಟಾರ್ ತಗೊಂಡೆ. ಮಗು ಮಲಗಿದ ಮೇಲೆ ರಾತ್ರಿ ಅರ್ಧ ಗಂಟೆ ಸಿಗುತ್ತೆ, ಅಷ್ಟೇ. ಚಾರ್ಟ್ ನೋಡಿ 14 ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬಾಯಿಪಾಠ ಮಾಡಿದ್ದೇನೆ. ಪೆಂಟಟಾನಿಕ್ ಅಂತ ಒಂದು ಸ್ಕೇಲ್ (ಸ್ವರಗಳ ಸಾಲು) ಪ್ಯಾಟರ್ನ್ ಕೂಡ ಮೇಲೆ ಕೆಳಗೆ ನುಡಿಸುತ್ತೇನೆ. ಆದರೆ ಒಂದು ಭಾವಗೀತೆ ಹಾಡಿಕೊಂಡು ನುಡಿಸೋಣ ಅಂದ್ರೆ ಆಗ್ತಿಲ್ಲ. ಕಾರ್ಡ್ ಬದಲಾಯಿಸುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತೆ. ನೆಟ್‌ನಲ್ಲಿ ಸಿಗುವ ಕಾರ್ಡ್‌ಗಳು ನನ್ನ ದನಿಗೆ ಹೊಂದೋದೇ ಇಲ್ಲ. ಎಫ್ ಕಾರ್ಡ್ ಅಂತೂ ಹಿಡಿಯೋಕೇ ಬರ್ತಿಲ್ಲ. ಚಿಕ್ಕವಳಿದ್ದಾಗ ಎರಡು ವರ್ಷ ಸಂಗೀತ ಪಾಠಕ್ಕೆ ಹೋಗಿದ್ದೆ, ಗೀತೆಗಳವರೆಗೆ ಆಗಿತ್ತು. ಹಾಡಿನಿಂದ ಕಲಿಯಬೇಕಾ, ಸ್ಕೇಲ್‌ನಿಂದ ಕಲಿಯಬೇಕಾ? ನೀವೆಲ್ಲ ಹೇಗೆ ಕಲಿತಿರಿ?

ಮೈಸೂರಿನಿಂದ

ಮೇಡಂ, ಗೀತೆಗಳವರೆಗೆ ಕಲಿತಿದ್ದೀರಿ ಅಂದ್ರೆ ಅರ್ಧ ಕೆಲಸ ಆಗಿಹೋಗಿದೆ. ನಿಮ್ಮ ಕಿವಿಯಲ್ಲಿ ಸ್ವರ ಇದೆ. ಅದನ್ನು ಗಿಟಾರಿಗೆ ತರೋದೊಂದು ಬಾಕಿ. ನಾನು ಒಂಬತ್ತು ವರ್ಷದಿಂದ ನುಡಿಸ್ತಿದ್ದೇನೆ. ಮೊದಲ ಎರಡು ವರ್ಷ ನಿಮ್ಮ ಹಾಗೇ ಇದ್ದೆ. ಕಾರ್ಡ್ ಬೇರೆ, ಸ್ಕೇಲ್ ಬೇರೆ, ಹಾಡು ಬೇರೆ ಅಂದುಕೊಂಡಿದ್ದೆ. ಒಂದೇ ಶ್ರುತಿಯಲ್ಲಿ, ಒಂದೇ ಹಾಡಿನಲ್ಲಿ ಮೂರನ್ನೂ ಒಟ್ಟಿಗೆ ಹಿಡಿದ ಮೇಲೇ ಕೈ ಬಂದಿದ್ದು.

ಆ 14 ಕಾರ್ಡ್‌ಗಳನ್ನು ಸದ್ಯಕ್ಕೆ ಬಿಟ್ಟುಬಿಡಿ. ಜಿ ಶ್ರುತಿ ಒಂದನ್ನೇ ಹಿಡಿಯಿರಿ, ನಮ್ಮ ಲೆಕ್ಕದಲ್ಲಿ ಐದು ಮನೆ ಶ್ರುತಿ. ಯಾಕೆ ಜಿ ಅಂದ್ರೆ, ಗಿಟಾರಿನ ಆರು ತಂತಿಗಳನ್ನು ದಪ್ಪದಿಂದ ಸಣ್ಣಕ್ಕೆ ಇ, ಎ, ಡಿ, ಜಿ, ಬಿ, ಇ ಅಂತ ಶ್ರುತಿ ಮಾಡ್ತೀವಲ್ಲ, ಜಿ ಯನ್ನು ಸ ಅಂದುಕೊಂಡರೆ ಅವು ದ, ರಿ, ಪ, ಸ, ಗ, ದ ಆಗ್ತವೆ. ಅಂದ್ರೆ ಖಾಲಿ ತಂತಿ ಎಲ್ಲಿ ಮೀಟಿದರೂ ಮೋಹನ ರಾಗದ ಸ್ವರವೇ. ನಿಮ್ಮ ಪೆಂಟಟಾನಿಕ್ ಪ್ಯಾಟರ್ನ್ ಅಂದ್ರೂ ಇವೇ ಐದು ಸ್ವರಗಳು.

ಈಗ ಗಿಟಾರ್ ಕೈಗೆ ತಗೊಳ್ಳಿ. ಆರನೇ ತಂತಿ ಅಂದ್ರೆ ಎಲ್ಲಕ್ಕಿಂತ ದಪ್ಪದ್ದು, ಫ್ರೆಟ್ ಅಂದ್ರೆ ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ. ಆರನೇ ತಂತಿ, ಮೂರನೇ ಫ್ರೆಟ್: ಅದು ಸ. ಐದನೇ ತಂತಿ ಖಾಲಿ ರಿ, ಎರಡನೇ ಫ್ರೆಟ್ ಗ. ನಾಲ್ಕನೇ ತಂತಿ ಖಾಲಿ ಪ, ಎರಡನೇ ಫ್ರೆಟ್ ದ. ಮೂರನೇ ತಂತಿ ಖಾಲಿ ಮೇಲಿನ ಸ. ಇಲ್ಲಿಗೆ ಒಂದು ಸ್ಥಾಯಿ ಆಯ್ತು. ಬಾಯಲ್ಲಿ ಹೇಳ್ತಾ ನುಡಿಸಿ, ಬರೀ ಬೆರಳಲ್ಲಿ ಬೇಡ. ಆಮೇಲೆ ಪಾಠದಲ್ಲಿ ಕಲಿತ ಮೋಹನದ ಗೀತೆಯನ್ನು ನೆನಪಿನಿಂದ ಹುಡುಕಿ ನುಡಿಸಿ. ನನಗೆ ಅದಕ್ಕೆ ಮೂರು ಸಂಜೆ ಹಿಡಿಯಿತು. ಆ ಮೂರು ಸಂಜೆಯಲ್ಲಿ ಕಲಿತಷ್ಟು ಹಿಂದಿನ ಆರು ತಿಂಗಳಲ್ಲಿ ಕಲಿತಿರಲಿಲ್ಲ. ಪ್ಯಾಟರ್ನ್ ಅಂತ ಮೇಲೆ ಕೆಳಗೆ ಓಡಿಸ್ತಿದ್ದ ಜಾಗದಲ್ಲೇ ಹಾಡು ಇತ್ತು. ಅದು ಕೇಳಿಸಿದ ಕ್ಷಣ ನನಗೆ ಇನ್ನೂ ನೆನಪಿದೆ.

ಕಾರ್ಡ್ ಕೂಡ ಇದೇ ಸ್ವರಗಳಿಂದಲೇ ಆಗೋದು. ಜಿ ಅಂದ್ರೆ ಸ ಗ ಪ. ಸಿ ಅಂದ್ರೆ ಮ ದ ಸ. ಡಿ ಅಂದ್ರೆ ಪ ನಿ ರಿ. ಇ ಮೈನರ್ ಅಂದ್ರೆ ದ ಸ ಗ. ಹಾಡಿನ ಸಾಲು ಯಾವ ಸ್ವರದ ಮೇಲೆ ನಿಲ್ಲುತ್ತೆ ನೋಡಿ. ಆ ಸ್ವರ ಇರುವ ಕಾರ್ಡ್ ಹಾಕಿ. ಗಾಂಧಾರದಲ್ಲಿ ನಿಂತರೆ ಜಿ ಹಾಕಿ ನೋಡಿ, ಇ ಮೈನರ್ ಹಾಕಿ ನೋಡಿ. ಎರಡರಲ್ಲಿ ಒಂದು ಕಿವಿಗೆ ಸರಿ ಅನಿಸುತ್ತೆ. ನೆಟ್‌ನಲ್ಲಿ ಕನ್ನಡ ಹಾಡುಗಳಿಗೆ ಸಿಗುವ ಕಾರ್ಡ್‌ಗಳಲ್ಲಿ ತಪ್ಪು ಜಾಸ್ತಿ. ನಿಮ್ಮ ಕಿವಿಯನ್ನೇ ನಂಬಿ. ಇನ್ನೊಂದು ಮಾತು, ಪ್ರತಿ ಸ್ವರಕ್ಕೂ ಕಾರ್ಡ್ ಬೇಡ. ಭಾವಗೀತೆಗೆ ಒಂದು ಸಾಲಿಗೆ ಒಂದೋ ಎರಡೋ ಸಾಕು. ಜಾಸ್ತಿ ಹಾಕಿದರೆ ಸಾಹಿತ್ಯ ಕೇಳೋದಿಲ್ಲ.

ಕಾರ್ಡ್ ಬದಲಾಯಿಸೋಕೆ ತಡ ಆಗುತ್ತೆ ಅಂದ್ರಲ್ಲ, ಅದಕ್ಕೆ ನನ್ನ ಗುರುಗಳು ತೋರಿಸಿದ ಹಿಡಿತ ಹೇಳ್ತೀನಿ. ಉಂಗುರಬೆರಳನ್ನು ಎರಡನೇ ತಂತಿಯ ಮೂರನೇ ಫ್ರೆಟ್ ಮೇಲೆ ಇಡಿ. ಕಿರುಬೆರಳನ್ನು ಒಂದನೇ ತಂತಿಯ ಮೂರನೇ ಫ್ರೆಟ್ ಮೇಲೆ. ಇನ್ನು ಇವೆರಡನ್ನೂ ಎತ್ತಬೇಡಿ. ನಡುಬೆರಳು ಆರನೇ ತಂತಿಯ ಮೂರರಲ್ಲಿ, ತೋರುಬೆರಳು ಐದನೇ ತಂತಿಯ ಎರಡರಲ್ಲಿ ಇಟ್ಟರೆ ಜಿ. ಅವೆರಡನ್ನೂ ಸಣ್ಣ ತಂತಿಗಳ ಕಡೆಗೆ ಒಂದೊಂದು ತಂತಿ ಸರಿಸಿ, ಆರನೇ ತಂತಿ ಬಿಟ್ಟು ಐದರಿಂದ ಮೀಟಿದರೆ ಸಿ ಆಡ್ ನೈನ್. ಸಿ ಇರುವಲ್ಲೆಲ್ಲ ಇದನ್ನೇ ಹಾಕಬಹುದು. ಐದನೇ ಮತ್ತು ನಾಲ್ಕನೇ ತಂತಿಯ ಎರಡನೇ ಫ್ರೆಟ್ ಒತ್ತಿದರೆ ಇ ಮೈನರ್ ಸೆವೆನ್. ಮೂರಕ್ಕೂ ಆ ಎರಡು ಬೆರಳು ಇದ್ದಲ್ಲೇ ಇರ್ತವೆ. ಡಿ ಗೆ ಮಾತ್ರ ಕಿರುಬೆರಳು ಎತ್ತಬೇಕು, ಉಂಗುರಬೆರಳು ಆಗಲೂ ಕದಲೋದಿಲ್ಲ.

ಆ ಎರಡು ಬೆರಳ ಕೆಳಗಿರೋದು ಯಾವ ಸ್ವರ ಗೊತ್ತಾ? ಪ ಮತ್ತು ಸ. ತಂಬೂರಿಯ ಸ್ವರಗಳು! ಕೆಳಗೆ ಕಾರ್ಡ್ ಬದಲಾಗ್ತಾ ಇರುತ್ತೆ, ಮೇಲೆ ತಂಬೂರಿ ನಿಲ್ಲದೆ ನುಡಿಯುತ್ತಾ ಇರುತ್ತೆ. ನಮ್ಮ ಹಾಡುಗಳಿಗೆ ಈ ಹಿಡಿತ ಅಷ್ಟು ಚೆನ್ನಾಗಿ ಹೊಂದೋದು ಅದಕ್ಕೇ ಇರಬೇಕು.

ದನಿಗೆ ಹೊಂದಿಸೋಕೆ ಕೇಪೋ ತಗೊಳ್ಳಿ, ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್‌ನಲ್ಲಿ ಒತ್ತಿಹಿಡಿಯುವ ಕ್ಲಿಪ್ ಅದು. ಮೊದಲು ಶ್ರುತಿಪೆಟ್ಟಿಗೆಯ ಆ್ಯಪ್ ಹಾಕಿಕೊಂಡು ಯಾವ ಶ್ರುತಿಯಲ್ಲಿ ಆರಾಮಾಗಿ ಹಾಡ್ತೀರಿ ನೋಡಿಕೊಳ್ಳಿ. ಐದು ಮನೆ ಆದರೆ ಕೇಪೋ ಬೇಡ. ಐದೂವರೆ ಆದರೆ ಒಂದನೇ ಫ್ರೆಟ್‌ಗೆ, ಆರು ಆದರೆ ಎರಡನೇ ಫ್ರೆಟ್‌ಗೆ ಹಾಕಿ ಇದೇ ಹಿಡಿತಗಳನ್ನು ನುಡಿಸಿ. ನಾಲ್ಕೂವರೆ ಆದರೆ ಡಿ ಯನ್ನು ಸ ಅಂದುಕೊಂಡು ಹಿಡಿಯುವ ಕಾರ್ಡ್‌ಗಳಿಗೆ ನಾಲ್ಕನೇ ಫ್ರೆಟ್‌ನಲ್ಲಿ ಕೇಪೋ. ಬೆರಳಿಗೆ ಗೊತ್ತಿರೋದು ಆಕಾರ. ಕೇಪೋ ಎಲ್ಲೇ ಇರಲಿ, ಆ ಆಕಾರ ಬದಲಾಗೋದಿಲ್ಲ.

ಶಿರಸಿಯಿಂದ

ಮೇಲಿನವರು ಹೇಳಿದ್ದು ಸರಿ. ಆದರೆ ಎಲ್ಲಕ್ಕಿಂತ ಮೊದಲು ಗಿಟಾರನ್ನು ಒಮ್ಮೆ ನೋಡಿಕೊಳ್ಳಿ ಅಕ್ಕ. ನಾನು ಕಡಿಮೆ ಬೆಲೆಗೆ ಅಂತ ಒಂದು ಅಂಗಡಿಯಲ್ಲಿ ತಂದಿದ್ದೆ. ತಂತಿ ಫ್ರೆಟ್‌ನಿಂದ ಎಷ್ಟು ಎತ್ತರ ಇತ್ತು ಅಂದ್ರೆ ಎಫ್ ಹಿಡಿದರೆ ಕಣ್ಣಲ್ಲಿ ನೀರು ಬರೋದು. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ನಾಲ್ಕು ತಿಂಗಳು ಗೋಡೆಗೆ ನೇತುಹಾಕಿದ್ದೆ. ಆಮೇಲೆ ರಿಪೇರಿ ಮಾಡುವವರೊಬ್ಬರು ನೋಡಿ, ಬ್ರಿಡ್ಜ್ ಮೇಲಿನ ಸ್ಯಾಡಲ್ (ತಂತಿಗಳು ಕೂರುವ ಪಟ್ಟಿ) ಉಜ್ಜಿ ತಂತಿ ಇಳಿಸಿ ಕೊಟ್ಟರು. ಒಂದು ಗಂಟೆಯ ಕೆಲಸ. ಅವತ್ತೇ ಸಂಜೆ ನಾಲ್ಕು ತಂತಿಯ ಎಫ್ ಬಂತು.

12ನೇ ಫ್ರೆಟ್ ಹತ್ತಿರ ತಂತಿ ಮತ್ತು ಫ್ರೆಟ್ ನಡುವೆ ಎಷ್ಟು ಜಾಗ ಇದೆ ಅಳತೆಪಟ್ಟಿ ಇಟ್ಟು ನೋಡಿ. ಎರಡು, ಎರಡೂವರೆ ಮಿಲಿಮೀಟರ್ ಇದ್ದರೆ ಸರಿ. ನಾಲ್ಕು ಇದ್ದರೆ ತೋರಿಸಿ. ತಂತಿ 12ರ ದಪ್ಪದ ಸೆಟ್ ಹಾಕಿದ್ದರೆ ಅದಕ್ಕಿಂತ ಸಣ್ಣ 10ರ ಸೆಟ್ ಹಾಕಿಸಿ, ಬೆರಳಿಗೆ ಹಗುರ. ಮಗು ಮಲಗಿರುತ್ತೆ ಅಂದ್ರಲ್ಲ, ಬ್ರಿಡ್ಜ್ ಹತ್ತಿರ ತಂತಿಗಳ ಕೆಳಗೆ ಮಡಿಸಿದ ಕರ್ಚೀಫ್ ತುರುಕಿ, ಪಿಕ್ ಬಿಟ್ಟು ಹೆಬ್ಬೆರಳಲ್ಲಿ ನುಡಿಸಿ. ಪಕ್ಕದ ಕೋಣೆಗೂ ಕೇಳೋದಿಲ್ಲ.

ಶಿವಮೊಗ್ಗದಿಂದ

ನಾನು ಮನೆಯಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡ್ತೀನಿ. ಒಂದು ವಿಷಯದಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಬರೀ ಹಾಡು ಹಾಡು ಅಂತ ಹೋದರೆ ಒಂದು ಹಂತದಲ್ಲಿ ಕೈ ನಿಂತುಬಿಡುತ್ತೆ. ನಾನೇ ಆರು ವರ್ಷ ಕಾರ್ಡ್ ಹಾಕಿಕೊಂಡು ಹಾಡಿದೆ, ಹಾಡಿನ ನಡುವೆ ಬರುವ ಒಂದು ಸಣ್ಣ ಬಿಜಿಎಂ ನುಡಿಸೋಕೂ ಬರ್ತಿರಲಿಲ್ಲ. ಕೈಗೆ ಸಾಧನೆ ಬೇಕು. ಅದಕ್ಕೆ ನಮ್ಮಲ್ಲೇ ಒಳ್ಳೆಯ ದಾರಿ ಇದೆ: ಪಾಠದ ಶುರುವಿನಲ್ಲಿ ಹೇಳಿಕೊಡುವ ಸರಳೆ ವರಸೆ, ಜಂಟಿ ವರಸೆ. ಪಾಠದಲ್ಲಿ ಕಲಿಸುವ ಮಾಯಾಮಾಳವಗೌಳ ರಾಗದಲ್ಲಿ ಬೇಡ, ಗಿಟಾರಿಗೆ ಶಂಕರಾಭರಣದಲ್ಲಿ ಮಾಡಿ. ಅದೇ ಮೇಜರ್ ಸ್ಕೇಲ್. ಮೇಲೆ ಹೇಳಿದ ಮೋಹನಕ್ಕೆ ಐದನೇ ತಂತಿಯ ಮೂರನೇ ಫ್ರೆಟ್‌ನಲ್ಲಿ ಮ, ನಾಲ್ಕನೇ ತಂತಿಯ ನಾಲ್ಕನೇ ಫ್ರೆಟ್‌ನಲ್ಲಿ ನಿ ಸೇರಿಸಿದರೆ ಆಯ್ತು.

ಜಂಟಿ ವರಸೆಯಲ್ಲಿ ಸಸ ರಿರಿ ಗಗ ಅಂತ ಪ್ರತಿ ಸ್ವರ ಎರಡು ಸಲ ಬರುತ್ತಲ್ಲ, ಮೊದಲನೆಯದಕ್ಕೆ ಪಿಕ್ ಕೆಳಗೆ, ಎರಡನೆಯದಕ್ಕೆ ಮೇಲೆ. ಬಲಗೈಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ಲಯ ಹಿಡಿಯುವ ಮೆಟ್ರೊನೋಮ್ ನಿಮಿಷಕ್ಕೆ 60ಕ್ಕೆ ಇಟ್ಟು ಒಂದನೇ ಕಾಲ, ಎರಡನೇ ಕಾಲ ಮಾಡಿ. ಮೂರನೇ ಕಾಲಕ್ಕೆ ಅವಸರ ಬೇಡ.

ಇನ್ನೊಂದು ವಿಷಯ ಹೇಳಲೇಬೇಕು, ಹೇಳುವಾಗೆಲ್ಲ ನನಗೆ ಖುಷಿಯಾಗುತ್ತೆ. ಪೆಂಟಟಾನಿಕ್‌ಗೆ ಫ್ರೆಟ್‌ಬೋರ್ಡ್ ಉದ್ದಕ್ಕೂ ಐದು ಬಾಕ್ಸ್ (ಬೆರಳಿಡುವ ಪ್ಯಾಟರ್ನ್) ಇದೆ, ಐದನ್ನೂ ಬಾಯಿಪಾಠ ಮಾಡಿ ಅಂತಾರೆ. ಮಕ್ಕಳು ಬೇಜಾರು ಮಾಡ್ಕೊಳ್ತಾರೆ. ಆದರೆ ಅದು ನಮ್ಮ ಗ್ರಹಭೇದ ಅಷ್ಟೇ. ಜಿ ಯಲ್ಲಿ ಮೋಹನ ತಗೊಳ್ಳಿ. ಆರನೇ ತಂತಿಯ ಮೂರನೇ ಫ್ರೆಟ್‌ನಿಂದ ಶುರು ಮಾಡಿದರೆ ಮೋಹನ. ಅದೇ ಸ್ವರಗಳನ್ನು ಐದನೇ ಫ್ರೆಟ್‌ನಿಂದ ಶುರು ಮಾಡಿ, ಅದನ್ನೇ ಸ ಅಂದುಕೊಂಡರೆ ಮಧ್ಯಮಾವತಿ. ಏಳರಿಂದ ಹಿಂದೋಳ. ಹತ್ತರಿಂದ ಶುದ್ಧಸಾವೇರಿ. 12ರಿಂದ ಶುದ್ಧಧನ್ಯಾಸಿ, ಅದೇ ಗಿಟಾರಿನವರ ಮೈನರ್ ಪೆಂಟಟಾನಿಕ್. ಸಂಗೀತ ಕಲಿತ ಮಕ್ಕಳಿಗೆ ಹೀಗೆ ಹೇಳಿದರೆ ಒಂದು ವಾರದಲ್ಲಿ ಐದೂ ಬಾಕ್ಸ್ ಬರುತ್ತೆ, ಯಾಕಂದ್ರೆ ಪ್ರತಿಯೊಂದಕ್ಕೂ ಒಂದೊಂದು ಮುಖ ಇದೆ. ಹಿಂದೋಳದ ಬಾಕ್ಸ್ ನುಡಿಸುವಾಗ ಹಿಂದೋಳವೇ ಕೇಳಬೇಕು ಅಂದ್ರೆ ಏಳನೇ ಫ್ರೆಟ್‌ನ ಸ್ವರವನ್ನು ಫೋನಿನಲ್ಲಿ ಶ್ರುತಿಯಾಗಿ ಹಾಕಿಕೊಳ್ಳಿ. ಇಲ್ಲದಿದ್ದರೆ ಕಿವಿ ಮತ್ತೆ ಮೋಹನಕ್ಕೇ ಓಡುತ್ತೆ. ಗಮಕ ಪೂರ್ತಿ ಬರೋದಿಲ್ಲ, ಆದರೆ ಬೆರಳು ಎತ್ತದೆ ಜಾರಿಸಿದರೆ ಜಾರು ಚೆನ್ನಾಗಿ ಬರುತ್ತೆ.

ಎಫ್ ಬಗ್ಗೆ: ಜಿ ಶ್ರುತಿಯ ಹಾಡುಗಳಿಗೆ ಸಾಮಾನ್ಯವಾಗಿ ಎಫ್ ಬೇಕಾಗೋದಿಲ್ಲ. ಆದರೂ ತೋರುಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡ ಒತ್ತುವ ಬಾರ್ ಕಾರ್ಡ್ ಬಿಟ್ಟುಬಿಡಬೇಡಿ. ಒಂದನೇ ಫ್ರೆಟ್‌ನಲ್ಲಿ ಒತ್ತೋದು ಎಲ್ಲಕ್ಕಿಂತ ಕಷ್ಟ. ಅದೇ ಆಕಾರವನ್ನು ಐದನೇ ಫ್ರೆಟ್‌ನಲ್ಲಿ ಹಿಡಿಯಿರಿ, ಅದು ಎ ಆಗುತ್ತೆ. ಅಲ್ಲಿ ಆರೂ ತಂತಿ ಸ್ಪಷ್ಟವಾಗಿ ಕೇಳಿದ ಮೇಲೆ ವಾರಕ್ಕೊಂದು ಫ್ರೆಟ್ ಕೆಳಗೆ ಇಳಿಯಿರಿ.

ಮತ್ತೆ ದಾವಣಗೆರೆಯಿಂದ, ಮೂರು ವಾರದ ನಂತರ

ಎಲ್ಲರಿಗೂ ತುಂಬ ಧನ್ಯವಾದ. ಅಳತೆಪಟ್ಟಿ ಇಟ್ಟು ನೋಡಿದೆ, ಮೂರೂವರೆ ಮಿಲಿಮೀಟರ್ ಇತ್ತು. ಇಳಿಸಿಕೊಂಡು ಬಂದೆ. ನನ್ನ ಶ್ರುತಿ ಐದೂವರೆ ಅಂತ ಗೊತ್ತಾಯ್ತು, ಒಂದನೇ ಫ್ರೆಟ್‌ಗೆ ಕೇಪೋ. ಮೋಹನದ ಗೀತೆ ಎರಡನೇ ರಾತ್ರಿಗೇ ಪೂರ್ತಿ ಬಂತು! 25 ವರ್ಷದ ಹಿಂದೆ ಕಲಿತಿದ್ದು, ಸಾಹಿತ್ಯ ಮರೆತಿತ್ತು, ಸ್ವರ ಮರೆತಿರಲಿಲ್ಲ. ನಿನ್ನೆ ಅಮ್ಮ ಅಡುಗೆಮನೆಯಿಂದಲೇ ಮುಂದಿನ ಸಾಲು ಎತ್ತಿಕೊಂಡರು. ನಾನು ನಿಲ್ಲಿಸದೆ ನುಡಿಸ್ತಾ ಹೋದೆ.

ಜಿ ಯಿಂದ ಸಿ ಆಡ್ ನೈನ್‌ಗೆ ಒಂದು ನಿಮಿಷದಲ್ಲಿ 32 ಸಲ ಬದಲಾಯಿಸ್ತೀನಿ, ಎಣಿಸಿದೆ. ಡಿ ಗೆ ಹೋಗುವಾಗ ಮಾತ್ರ ಇನ್ನೂ ತಡವರಿಸುತ್ತೆ. ಈಗಿನ ತೊಂದರೆ ಬಲಗೈ. ಎಲ್ಲ ಕಡೆ ಕಲಿಸೋದು ನಾಲ್ಕು ಮಾತ್ರೆಗೆ ತಂತಿಗಳನ್ನು ಸವರುವ ಸ್ಟ್ರಮ್. ನಾನು ಹಾಡಬೇಕು ಅಂದುಕೊಂಡ ಭಾವಗೀತೆ ಆರು ಮಾತ್ರೆಯದು. ನಾಲ್ಕರ ಸ್ಟ್ರಮ್ ಹಾಕಿದರೆ ಕೂರೋದೇ ಇಲ್ಲ. ಏನು ಮಾಡಲಿ?

ಮೈಸೂರಿನಿಂದ

ಅಮ್ಮ ಹಾಡಿದ್ದು ಓದಿ ಮನಸ್ಸು ತುಂಬಿತು ಮೇಡಂ.

ಸುಗಮ ಸಂಗೀತದಲ್ಲಿ ತಬಲಾದವರು ಹೆಚ್ಚಾಗಿ ಹಾಕೋದು ಎರಡು ತಾಳ, ಆರು ಮಾತ್ರೆಯ ದಾದ್ರಾ, ಎಂಟು ಮಾತ್ರೆಯ ಕೆಹರ್ವಾ. ನಿಮ್ಮದು ದಾದ್ರಾ. ಅದರ ಠೇಕಾ, ಅಂದ್ರೆ ತಬಲಾದ ನುಡಿ, ಧಾ ಧಿ ನಾ, ಧಾ ತು ನಾ. ಮೊದಲ ಧಾ ಗೆ ಹೆಬ್ಬೆರಳಲ್ಲಿ ದಪ್ಪ ತಂತಿ ಮೀಟಿ. ಜಿ ಹಿಡಿದಿದ್ದರೆ ಆರನೆಯದು. ಧಿ ನಾ ಗೆ ಸಣ್ಣ ಮೂರು ತಂತಿಗಳನ್ನು ಬೆರಳ ತುದಿಯಿಂದ ಎರಡು ಸಲ ಹಗುರವಾಗಿ ಕೆಳಗೆ ಸವರಿ. ಎರಡನೇ ಧಾ ಗೆ ನಾಲ್ಕನೇ ತಂತಿ, ಸ್ವಲ್ಪ ಮೆತ್ತಗೆ. ತು ನಾ ಗೆ ಮತ್ತೆ ಸಣ್ಣ ತಂತಿಗಳು. ಸಿ ಆಡ್ ನೈನ್‌ನಲ್ಲಿ ಐದು ಮತ್ತು ನಾಲ್ಕು. ಇ ಮೈನರ್‌ನಲ್ಲಿ ಜಿ ಹಾಗೇ.

ಎರಡು ದಿನ ಹಾಡು ಬೇಡ. ಎಡಗೈ ಜಿ ಯಲ್ಲೇ ಇರಲಿ, ಬಾಯಲ್ಲಿ ಠೇಕಾ ಹೇಳ್ತಾ ಬಲಗೈ ಒಂದೇ ನಡೆಯಲಿ. ಮೂರನೇ ದಿನ ಬಾಯಲ್ಲಿ ಠೇಕಾ ನಿಲ್ಲಿಸಿ ಪಲ್ಲವಿಯ ಮೊದಲ ಸಾಲು ಹಾಡಿ. ಡಿ ಗೆ ಹೋಗುವಾಗ ಕಿರುಬೆರಳನ್ನು ಕೊನೆಯ ನಾ ದಲ್ಲೇ ಎತ್ತಿಬಿಡಿ, ಧಾ ಬರುವ ತನಕ ಕಾಯಬೇಡಿ. ಆ ಒಂದು ಮಾತ್ರೆ ಖಾಲಿ ತಂತಿ ಕೇಳಿದರೂ ಪರವಾಗಿಲ್ಲ, ಅದು ಧೈವತ, ನಿಮ್ಮ ರಾಗದ ಸ್ವರವೇ.