ಕೋವಿಯ ಬಾಯಿಗೆ ಕಟ್ಟಿದ ಮಸಿ: ತೆಗೆಯಬೇಕಾ, ಬಿಡಬೇಕಾ?

ತೀರ್ಥಹಳ್ಳಿ ತೋಟದವ: ಅಜ್ಜನ ಕಾಲದ ಒಂಟಿ ನಳಿಗೆಯ 12 ಬೋರ್ ಕೋವಿ ನಮ್ಮ ಮನೆಯಲ್ಲಿದೆ. ಅಮೆರಿಕದ್ದು. ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸ್. ನಳಿಗೆಯ ತುದಿಯಲ್ಲಿ ಕಟ್ಸ್ ಕಾಂಪೆನ್ಸೇಟರ್ ಅನ್ನುವ ಡಬ್ಬಿ ಕೂತಿದೆ. ನೋಡದವರಿಗೆ ಹೇಳುತ್ತೇನೆ: ಗೇಣಿಗಿಂತ ಕಮ್ಮಿ ಉದ್ದದ ದಪ್ಪ ಕೊಳವೆ, ಅದರಲ್ಲಿ ಅಡ್ಡಡ್ಡ ಸೀಳುಗಳ ಸಾಲು, ಮುಂದುಗಡೆ ತಿರುಪಿ ಹಾಕುವ ಚೋಕ್ ಟ್ಯೂಬ್, ಅಂದರೆ ಚರೆ (ಸೀಸದ ಸಣ್ಣ ಗುಂಡು) ಎಷ್ಟು ಹರಡಬೇಕು ಅಂತ ಹಿಡಿತದಲ್ಲಿಡುವ ಕೊಳವೆ. ಈಡು ಹೊಡೆದಾಗ ಹೊಗೆ ಆ ಸೀಳಿನಿಂದ ಹೊರಗೆ ನುಗ್ಗುತ್ತದೆ, ಭುಜಕ್ಕೆ ಬೀಳುವ ಒದೆ ಕಮ್ಮಿಯಾಗುತ್ತದೆ. ರೈಫಲ್‌ನವರು ಮಜಲ್ ಬ್ರೇಕ್ ಅನ್ನುವುದೂ ಇದೇ ಜಾತಿ.

2024ರ ಲೋಕಸಭಾ ಚುನಾವಣೆಗೆ ಕೋವಿ ಠಾಣೆಗೆ ಜಮಾ ಮಾಡಿದ್ದೆ. ನಮ್ಮಲ್ಲಿ ಮೇ 7ಕ್ಕೆ ಮತದಾನ, ಜೂನ್ 4ಕ್ಕೆ ಎಣಿಕೆ. ಕೋವಿ ಕೈಗೆ ಬರುವ ಹೊತ್ತಿಗೆ ಮಳೆ ಹಿಡಿದಿತ್ತು. ಕೊಡುವ ಮುಂಚೆ ನಳಿಗೆ ಒರೆಸಿದ್ದೆ, ಡಬ್ಬಿಯ ಒಳಗೆ ಕೈ ಹಾಕಿರಲಿಲ್ಲ. ಆಮೇಲೂ ಹಾಗೇ ಬಿಟ್ಟೆ. ಈಗ ನೋಡಿದರೆ ಸೀಳುಗಳು ಅರ್ಧ ಮುಚ್ಚಿವೆ. ಉಗುರಲ್ಲಿ ಕೆರೆದರೆ ಕಲ್ಲು. ಮಸಿಯ ಅಂಚಿನಲ್ಲಿ ಕೆಂಪು ಹುಡಿ ಕಾಣುತ್ತಿದೆ. ಚೋಕ್ ಟ್ಯೂಬ್ ಅಲ್ಲಾಡುವುದಿಲ್ಲ. ಏನು ಮಾಡಲಿ?

ಹೊಸನಗರದ ಹುಡುಗ: ಅಣ್ಣಾ, ಸುಲಭ. ಬಿಳಿ ವಿನಿಗರ್ ಅರ್ಧ, ಹೈಡ್ರೋಜನ್ ಪೆರಾಕ್ಸೈಡ್ ಅರ್ಧ. ತುದಿ ಮುಳುಗಿಸಿ ಅರ್ಧ ಗಂಟೆ ಬಿಡಿ. ನೊರೆ ಬಂದು ಎಲ್ಲಾ ಬಿಡುತ್ತದೆ, ವಿಡಿಯೋದಲ್ಲಿ ನೋಡಿದ್ದೇನೆ. ಉಳಿದದ್ದಕ್ಕೆ ಡ್ರಿಲ್‌ಗೆ ತಂತಿ ಬ್ರಶ್ ಸಿಕ್ಕಿಸಿ ಉಜ್ಜಿ.

ಕೆಮಿಸ್ಟ್ರಿ ಮೇಷ್ಟ್ರು, ಶಿವಮೊಗ್ಗ: ತಮ್ಮಾ, ದಯವಿಟ್ಟು ಅದನ್ನು ಯಾರಿಗೂ ಹೇಳಬೇಡ. ಆ ನೊರೆಯಲ್ಲಿ ಕರಗುವುದು ಮಸಿಯಲ್ಲ, ಸೀಸ. ಚರೆ ಉಜ್ಜಿಕೊಂಡು ಹೋಗುವಾಗ ಸೀಸ ಡಬ್ಬಿಯೊಳಗೆ ಅಂಟಿರುತ್ತದೆ. ವಿನಿಗರ್, ಪೆರಾಕ್ಸೈಡ್ ಸೇರಿದರೆ ಅದು ಸೀಸದ ಅಸಿಟೇಟ್ ಆಗುತ್ತದೆ. ನೀರಲ್ಲಿ ಕರಗುವ ವಿಷ. ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ಆ ನೀರನ್ನು ನೀನು ಎಲ್ಲಿ ಚೆಲ್ಲುತ್ತೀಯ? ಹಿತ್ತಿಲಿಗೆ. ಹಿತ್ತಿಲ ನೀರು ಎಲ್ಲಿಗೆ ಹೋಗುತ್ತದೆ? ಬಾವಿಗೆ, ಇಲ್ಲ ಹಳ್ಳಕ್ಕೆ. ಮನೆಯಲ್ಲಿ ಮಕ್ಕಳಿರುತ್ತಾರೆ.

ಹೊಸನಗರದ ಹುಡುಗ: ಗೊತ್ತಿರಲಿಲ್ಲ ಮೇಷ್ಟ್ರೇ. ವಿಡಿಯೋದಲ್ಲಿ ಅವನು ಕೈಗವಸು ಕೂಡ ಹಾಕಿರಲಿಲ್ಲ. ನಾನು ಒಂದು ಸಲ ಹಾಗೆ ಮಾಡಿದ್ದೇನೆ. ಇನ್ನು ಮಾಡುವುದಿಲ್ಲ.

ಕೊಪ್ಪದ ಅಕ್ಕ: ಇಷ್ಟೆಲ್ಲ ಯಾಕೆ? ನಮ್ಮದು ಕೇಪಿನ ಕೋವಿ, ಬಾಯಿಯಿಂದ ಕರಿ ಮದ್ದು ತುಂಬುವುದು. ಮಂಗ ಓಡಿಸಲು ಬರೀ ಮದ್ದು ಹಾಕಿ ಶಬ್ದ ಮಾಡುತ್ತೇವೆ. ಅದೇ ದಿನ ಸಂಜೆ ಬಚ್ಚಲ ಹಂಡೆಯಿಂದ ಕುದಿನೀರು ತಂದು ಸೋಪು ಹಾಕಿ ನಳಿಗೆಗೆ ಹೊಯ್ಯುತ್ತೇನೆ. ಮೊದಲ ಚೊಂಬಿಗೆ ಕರಿ ನೀರು, ಎರಡನೆಯದಕ್ಕೆ ಬೂದಿ ಬಣ್ಣ, ಮೂರನೆಯದು ತಿಳಿ. ನಳಿಗೆ ಬಿಸಿಯಾಗಿ ತಾನೇ ಒಣಗುತ್ತದೆ. ಮೇಲೆ ಹೊಲಿಗೆ ಮಿಷನ್ ಎಣ್ಣೆ. ನಮ್ಮ ಯಜಮಾನರು ತೀರಿಹೋದ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಬಂತು, ಅಂದಿನಿಂದ ಒಂದು ಚುಕ್ಕಿ ತುಕ್ಕು ಹಿಡಿಸಿಲ್ಲ.

ಮಾಜಿ ಹವಾಲ್ದಾರ್, ಸೊರಬ: ಅಕ್ಕ ಹೇಳಿದ್ದು ಅವರ ಕೋವಿಗೆ ನೂರಕ್ಕೆ ನೂರು ಸರಿ. ಆದರೆ ತೋಟದವರ ಕೋವಿಯ ಮಸಿ ಬೇರೆ. ಇದು ತೋಟಾ (ಕಾರ್ಟ್ರಿಜ್) ಹಾಕುವ ಕೋವಿ, ಇದಕ್ಕೆ ನೀರು ನಾಟುವುದಿಲ್ಲ. ನಾನು ಫೌಜಿನಲ್ಲಿ 7.62 ಎಸ್‌ಎಲ್‌ಆರ್ ರೈಫಲ್ ಹಿಡಿದವನು. ಅದರ ಗ್ಯಾಸ್ ಪ್ಲಗ್ ಮಸಿ ಕೆರೆದು ಕೆರೆದು ಬೆರಳು ಕಪ್ಪಾಗಿರುತ್ತಿತ್ತು. ಫೈರಿಂಗ್ ಆದ ಕೂಡಲೇ ಬ್ಯಾರೆಲ್ ಇನ್ನೂ ಬೆಚ್ಚಗಿರುವಾಗಲೇ ಎಣ್ಣೆ ಹಚ್ಚಿಬಿಡಬೇಕು. ಮಾರನೇ ದಿನ ಫುಲ್‌ತ್ರೂ, ಅಂದರೆ ನಳಿಗೆಯೊಳಗೆ ಎಳೆಯುವ ಹಗ್ಗ, ಅದರ ತುದಿಗೆ ಚಿಂದಿ. ಮೂರು ದಿನ ಬಿಟ್ಟರೆ ಅದೇ ಮಸಿ ಗಾರೆಯಾಗುತ್ತದೆ. ತೋಟದವರು ವರ್ಷಗಟ್ಟಲೆ ಬಿಟ್ಟಿದ್ದಾರೆ.

ಸಾಗರದ ಲೇತ್‌ನವ: ನಾನು ಒಪ್ಪುವುದಿಲ್ಲ. ಹೊಡೆದು ಹೊಡೆದು ಕೆಟ್ಟ ಕೋವಿಗಿಂತ ಉಜ್ಜಿ ಉಜ್ಜಿ ಕೆಟ್ಟ ಕೋವಿ ನಾನು ಜಾಸ್ತಿ ನೋಡಿದ್ದೇನೆ. ಕಬ್ಬಿಣದ ಕಡ್ಡಿ ಬಾಯಿಯಿಂದ ತೂರಿಸಿ ತಿಕ್ಕಿ ಅಂಚು ಸವೆಸಿರುತ್ತಾರೆ. ಡಬ್ಬಿಯೊಳಗಿನ ಮಸಿ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಪ್ರತಿ ಈಡಿನ ಗಾಳಿಯೇ ಮೇಲಿನ ಪದರ ಊದಿಬಿಡುತ್ತದೆ. ಚರೆ ಹೋಗುವ ದಾರಿ ಬಿಟ್ಟಿದ್ದರೆ ಸಾಕು. ಸುಮ್ನೆ ಬಿಡಿ ಅಂತ ನನ್ನ ಮಾತು.

ಮಾಜಿ ಹವಾಲ್ದಾರ್, ಸೊರಬ: ರಾಜಸ್ಥಾನದಲ್ಲಿ ಆಗಿದ್ದರೆ ನಾನೂ ಬಿಡಿ ಅನ್ನುತ್ತಿದ್ದೆ. ಅಲ್ಲಿ ಗಾಳಿ ಒಣ. ಇಲ್ಲಿ ಆಗುಂಬೆಯಲ್ಲಿ ವರ್ಷಕ್ಕೆ ಏಳೂವರೆ ಸಾವಿರ ಮಿಲಿಮೀಟರ್ ಹತ್ತಿರ ಮಳೆ. ಆಷಾಢದಲ್ಲಿ ಹಾಸಿಗೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಮಸಿ ಅಂದರೆ ಸ್ಪಂಜು. ಥಂಡಿ ಹೀರಿ ಕಬ್ಬಿಣಕ್ಕೆ ಒತ್ತಿ ಹಿಡಿಯುತ್ತದೆ. ತೋಟದವರೇ ಬರೆದಿದ್ದಾರಲ್ಲ, ಅಂಚಿನಲ್ಲಿ ಕೆಂಪು ಹುಡಿ ಅಂತ. ಮಸಿಯ ಕೆಳಗೆ ಇನ್ನೆಷ್ಟಿದೆಯೋ!

ಸಾಗರದ ಲೇತ್‌ನವ: ಆ ಕೆಂಪು ಹುಡಿ ನಾನು ಸರಿಯಾಗಿ ಓದಿರಲಿಲ್ಲ. ತುಕ್ಕು ಇದ್ದರೆ ತೆಗೆಯಲೇಬೇಕು, ಅದಕ್ಕೆ ಒಪ್ಪಿದೆ. ಆದರೆ ಕನ್ನಡಿ ಹಾಗೆ ಮಾಡಲು ಹೋಗಬೇಡಿ. ಇದು 12 ಬೋರ್. ಚರೆ ಹರಡಿ ಹೋಗುವ ಕೋವಿಗೆ ಮಸಿಯ ಒಂದು ಕಲೆ ಉಳಿದರೆ ಏನೂ ಕೆಡುವುದಿಲ್ಲ.

ಮಾಜಿ ಹವಾಲ್ದಾರ್, ಸೊರಬ: ಇದು ಸರಿಯಾದ ಮಾತು. ರೈಫಲ್ ಆದರೆ ಕತೆ ಬೇರೆ. ಗುಂಡು ನಳಿಗೆ ಬಿಡುವ ಕೊನೇ ಅಂಚಿನಲ್ಲಿ ಒಂದು ಕಚ್ಚು ಬಿದ್ದರೂ ಹಿಂದಿನ ಗಾಳಿ ಒಂದು ಕಡೆ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಮಜಲ್ ಬ್ರೇಕಿನ ತೂತಿಗೂ ಗುಂಡಿಗೂ ಇರುವ ಸಂದು ತೀರಾ ಸಣ್ಣದು. ಅಲ್ಲಿ ತಂತಿ ಬ್ರಶ್ ಡ್ರಿಲ್ ಹಾಕಿದರೆ ಮುಗಿಯಿತು.

ಕೆಮಿಸ್ಟ್ರಿ ಮೇಷ್ಟ್ರು, ಶಿವಮೊಗ್ಗ: ಅಕ್ಕನ ಮಸಿಗೂ ತೋಟದವರ ಮಸಿಗೂ ಏನು ವ್ಯತ್ಯಾಸ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಗಳ ಅಲ್ಲೇ ಇದೆ. ಕರಿ ಮದ್ದು ಅಂದರೆ ಪೆಟ್ಲುಪ್ಪು 75, ಇದ್ದಿಲು 15, ಗಂಧಕ 10 ಪಾಲು. ಅದು ಸುಟ್ಟಾಗ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಘನವಾಗಿಯೇ ಉಳಿಯುತ್ತದೆ. ಅದರಲ್ಲಿ ಪೊಟ್ಯಾಸಿಯಂ ಕಾರ್ಬೋನೇಟ್ ಇದೆ, ಒಲೆ ಬೂದಿಯಲ್ಲಿರುವ ಅದೇ ಕ್ಷಾರ. ಗಾಳಿಯ ತೇವ ಎಳೆದುಕೊಳ್ಳುತ್ತದೆ, ನೀರಲ್ಲಿ ಸಲೀಸಾಗಿ ಕರಗುತ್ತದೆ. ಹಾಗಾಗಿ ಅಕ್ಕನ ಕುದಿನೀರು ಸರಿ. ಅಲ್ಲಿ ಸೀಮೆಎಣ್ಣೆ ಹಾಕಿದರೆ ಆ ಉಪ್ಪು ಕರಗುವುದೇ ಇಲ್ಲ.

ತೋಟಾದಲ್ಲಿರುವುದು ಹೊಗೆ ಕಮ್ಮಿ ಬರುವ ಮದ್ದು. ಬಿಸಿ ಗಾಳಿ ಸೀಳಿನಲ್ಲಿ ತಟ್ಟನೆ ಹಿಗ್ಗಿ ತಣ್ಣಗಾಗುತ್ತದೆ, ಹೊತ್ತು ತಂದ ಮಸಿಯನ್ನು ಅಲ್ಲೇ ಬಿಡುತ್ತದೆ. ಮುಂದಿನ ಈಡು ಅದನ್ನು ಸುಟ್ಟು ಗಟ್ಟಿ ಮಾಡುತ್ತದೆ. ಇಂಗಾಲವನ್ನು ಕರಗಿಸುವ ಎಣ್ಣೆ ಯಾವುದೂ ಇಲ್ಲ. ಆದರೆ ಮಸಿಯ ಕಣಗಳನ್ನು ಹಿಡಿದಿರುವ ಜಿಡ್ಡು ಎಣ್ಣೆಗೆ ಮೆತ್ತಗಾಗುತ್ತದೆ. ಅದಕ್ಕೆ ಸಮಯ ಕೊಡಬೇಕು. ಅರ್ಧ ಗಂಟೆಯ ಕೆಲಸ ಅಲ್ಲ.

ಇನ್ನೊಂದು ಮಾತು. ಈ ಕಟ್ಸ್ ಡಬ್ಬಿ ಉಕ್ಕಿನಲ್ಲೂ ಬಂದಿದೆ, ಅಲ್ಯೂಮಿನಿಯಂನಲ್ಲೂ ಬಂದಿದೆ. ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಸೋಡಾ, ಬೂದಿ ನೀರು ಹತ್ತಿರ ತರಬೇಡಿ. ಲೋಹವನ್ನೇ ತಿನ್ನುತ್ತದೆ.

ತೀರ್ಥಹಳ್ಳಿ ತೋಟದವ: ಫ್ರಿಜ್ ಬಾಗಿಲಿನ ಅಯಸ್ಕಾಂತ ಕಿತ್ತು ಹಿಡಿದೆ. ಗಟ್ಟಿಯಾಗಿ ಅಂಟಿತು. ಉಕ್ಕು. ಚೋಕ್ ಟ್ಯೂಬ್ ಬಿಡಿಸಲು ಗ್ಯಾಸ್ ಕಟರ್‌ನಲ್ಲಿ ಸ್ವಲ್ಪ ಬಿಸಿ ಮಾಡಬಹುದಾ? ಪಕ್ಕದೂರಲ್ಲಿ ವೆಲ್ಡಿಂಗ್‌ನವರಿದ್ದಾರೆ.

ಸಾಗರದ ಲೇತ್‌ನವ: ಬೇಡ ಮಾರಾಯ್ರೇ, ಖಂಡಿತ ಬೇಡ. ಇಂಥ ಡಬ್ಬಿಗಳನ್ನು ಎಷ್ಟೋ ಕೋವಿಗೆ ಬೆಸುಗೆ ಹಾಕಿ ಕೂರಿಸಿರುತ್ತಾರೆ. ಕಾಯಿಸಿದರೆ ಬೆಸುಗೆ ಬಿಟ್ಟು ಡಬ್ಬಿ ಓರೆಯಾಗುತ್ತದೆ. ಓರೆ ಡಬ್ಬಿಯಲ್ಲಿ ಈಡು ಹೊಡೆದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಪೈಪ್ ರೆಂಚೂ ಬೇಡ. ಸೈಕಲ್ ಟ್ಯೂಬ್ ತುಂಡು ಸುತ್ತಿ ಕೈಯಲ್ಲೇ ತಿರುಗಿಸಿ. ಬರಲಿಲ್ಲ ಅಂದರೆ ಮತ್ತೆ ಎಣ್ಣೆ, ಮತ್ತೆ ಒಂದು ರಾತ್ರಿ. ವೆಲ್ಡಿಂಗ್ ಅಂಗಡಿಗೂ ಒಯ್ಯಬೇಡಿ, ನನ್ನ ಹತ್ತಿರವೂ ತರಬೇಡಿ. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಕೋವಿ ರಿಪೇರಿಗೇ ಬೇರೆ ಲೈಸೆನ್ಸ್ ಬೇಕು. ನನ್ನ ಹತ್ತಿರ ಅದಿಲ್ಲ. ಒಳ್ಳೆ ಗಿರಾಕಿಗಳು ಬೇಜಾರಾದರೂ ನಾನು ವಾಪಸ್ ಕಳಿಸುತ್ತೇನೆ.

ಮಾಜಿ ಹವಾಲ್ದಾರ್, ಸೊರಬ: ತೋಟದವರೇ, ಹೀಗೆ ಮಾಡಿ. ಎಲ್ಲಕ್ಕಿಂತ ಮೊದಲು ಕೋವಿ ಖಾಲಿಯಾ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿ ನೋಡಿ. ತೋಟಾ ಬೇರೆ ಕೋಣೆಯಲ್ಲಿರಲಿ. ಕೋವಿಯನ್ನು ಬಾಯಿ ಕೆಳಗಾಗಿ ನಿಲ್ಲಿಸಿ, ಇಲ್ಲದಿದ್ದರೆ ಕರಗಿದ ಕೊಳೆ ಹಿಂದಕ್ಕೆ ಇಳಿದು ಕುದುರೆ (ಟ್ರಿಗರ್), ಮರದ ಹಿಡಿ ಎಲ್ಲಾ ಹಾಳು. ಗಾಜಿನ ಬಾಟಲಿಯಲ್ಲಿ ಸೀಮೆಎಣ್ಣೆ, ಸ್ವಲ್ಪ ಎಂಜಿನ್ ಎಣ್ಣೆ ಬೆರೆಸಿ ಡಬ್ಬಿ ಮುಳುಗುವಷ್ಟು ಹಾಕಿ. ಒಲೆ, ದೀಪದಿಂದ ದೂರ ಇಡಿ. ಒಂದು ರಾತ್ರಿ. ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಶ್. ಸೀಳಿನೊಳಗೆ ಉಕ್ಕು ಹಾಕಬೇಡಿ.

ಕೊಪ್ಪದ ಅಕ್ಕ: ಸೀಳಿಗೆ ಅಡಿಕೆ ಮರದ ದಬ್ಬೆಯ ಚಕ್ಕೆ ಮಾಡಿಕೊಳ್ಳಿ. ಕತ್ತಿಯಲ್ಲಿ ತೆಳ್ಳಗೆ ಸೀಳಿ ತುದಿ ಚಪ್ಪಟೆ ಮಾಡಿದರೆ ಸಾಕು. ಮಸಿ ಕೆರೆಯುವಷ್ಟು ಗಟ್ಟಿ, ಕಬ್ಬಿಣಕ್ಕೆ ಗೀರು ಬೀಳದಷ್ಟು ಮೆತ್ತಗೆ. ನಾನು ಕೇಪು ಕೂರುವ ಜಾಗ ಅದರಲ್ಲೇ ಬಿಡಿಸುವುದು. ಮತ್ತೆ ಆಯುಧ ಪೂಜೆಯಲ್ಲಿ ನಳಿಗೆ ಬಾಯಿಗೆ ಹಸಿ ಅರಿಶಿನ ಕುಂಕುಮ ಹಚ್ಚಿದರೆ ರಾತ್ರಿಯೇ ಒರೆಸಿಬಿಡಿ. ನಾನು ಮರದ ಹಿಡಿಗೆ ಮಾತ್ರ ಹಚ್ಚುತ್ತೇನೆ.

ಹೊಸನಗರದ ಹುಡುಗ: ಕೊಬ್ಬರಿ ಎಣ್ಣೆ ಆಗಲ್ವಾ ಅಕ್ಕ? ಮನೆಯಲ್ಲೇ ಇರುತ್ತದೆ.

ಕೊಪ್ಪದ ಅಕ್ಕ: ಚಳಿಗಾಲದ ಬೆಳಿಗ್ಗೆ ಡಬ್ಬಿಯಲ್ಲಿ ಹೇಗೆ ಗಟ್ಟಿಯಾಗಿರುತ್ತದೆ, ನೋಡಿಲ್ಲವಾ? ಕೋವಿಯೊಳಗೂ ಹಾಗೇ ಹೆಪ್ಪುಗಟ್ಟುತ್ತದೆ. ಹಳೆಯದಾದರೆ ಕಮಟು ಬೇರೆ. ಬೇಡ.

ಕೆಮಿಸ್ಟ್ರಿ ಮೇಷ್ಟ್ರು, ಶಿವಮೊಗ್ಗ: ಉಜ್ಜುವಾಗ ಕೈಗವಸು ಹಾಕಿ. ಒಣಗಿದ ಮಸಿ ಊದಬೇಡಿ, ಅದರಲ್ಲಿ ಸೀಸ ಇರುತ್ತದೆ. ಒರೆಸಿದ ಬಟ್ಟೆ ಒಲೆಗೆ ಹಾಕಬೇಡಿ. ಕೊಳೆ ಎಣ್ಣೆಯನ್ನು ಬಾಟಲಿಯಲ್ಲೇ ಮುಚ್ಚಿಡಿ.

ತೀರ್ಥಹಳ್ಳಿ ತೋಟದವ: ನಾಲ್ಕು ದಿನ ಆಯಿತು. ಮೊದಲ ಬೆಳಿಗ್ಗೆ ಏನೂ ಬಿಡಲಿಲ್ಲ, ಎಣ್ಣೆ ಮಾತ್ರ ಚಹಾ ಬಣ್ಣಕ್ಕೆ ತಿರುಗಿತ್ತು. ಎರಡನೇ ರಾತ್ರಿ ಮತ್ತೆ ಮುಳುಗಿಸಿದೆ. ಮೂರನೇ ಬೆಳಿಗ್ಗೆ ದಬ್ಬೆ ಚಕ್ಕೆ ತೂರಿಸಿದಾಗ ಹಲಸಿನ ಬೀಜದ ಸಿಪ್ಪೆಯ ಹಾಗೆ ಒಂದು ಹಾಳೆ ಎದ್ದು ಬಂತು. ಒಂದು ಬದಿ ಕರಿ, ಇನ್ನೊಂದು ಬದಿ ಹೊಳೆಯುವ ಬೂದಿ ಬಣ್ಣ. ಸೀಸ ಇರಬೇಕು. ಅದರ ಜೊತೆ ಕರಗಿದ ಪ್ಲಾಸ್ಟಿಕ್ ಚೂರೂ ಸಿಕ್ಕಿತು, ತೋಟಾದೊಳಗೆ ಮದ್ದಿಗೂ ಚರೆಗೂ ನಡುವೆ ಇರುವ ವಾಡಿನದ್ದು. ಚೋಕ್ ಟ್ಯೂಬ್ ಇವತ್ತು ಸೈಕಲ್ ಟ್ಯೂಬ್ ಸುತ್ತಿ ಹಿಡಿದಾಗ ಕಿರ್ ಅಂತ ಕಾಲು ಸುತ್ತು ತಿರುಗಿ ನಿಂತಿದೆ. ಒತ್ತಾಯ ಮಾಡಲಿಲ್ಲ. ಎಣ್ಣೆ ಹಾಕಿ ಇಟ್ಟಿದ್ದೇನೆ. ಸೀಳಿನ ಕೆಳಗೆ ಮೂರು ಕಡೆ ತುಕ್ಕು ತಿಂದ ಗುಳಿ ಇದೆ, ಸಾಸಿವೆ ಕಾಳಷ್ಟು. ಫೋಟೋ ಹಾಕುತ್ತೇನೆ. ಈ ಗುಳಿ ಇಟ್ಟುಕೊಂಡು ಈಡು ಹೊಡೆಯಬಹುದಾ?

ಮಾಜಿ ಹವಾಲ್ದಾರ್, ಸೊರಬ: ಫೋಟೋದಲ್ಲಿ ಆಳ ಗೊತ್ತಾಗುವುದಿಲ್ಲ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸಿ, ಅವರು ನಳಿಗೆ ಅಳೆದು ಹೇಳಲಿ. ಅಲ್ಲಿವರೆಗೆ ಒಂದೂ ತೋಟಾ ಹಾಕಬೇಡಿ.

ಸಾಗರದ ಲೇತ್‌ನವ: ನನ್ನದೂ ಅದೇ ಮಾತು. ಟ್ಯೂಬ್ ಬಿಚ್ಚಿ ಬಂದ ಮೇಲೆ ತಿರುಪಿನ ಸುತ್ತಿಗೆ ತೆಳ್ಳಗೆ ಗ್ರೀಸ್ ಹಚ್ಚಿಯೇ ಹಾಕಿ. ಮುಂದಿನ ಸಲ ಜಮಾ ಮಾಡುವ ಮುಂಚೆ ಅದನ್ನು ಬಿಚ್ಚಿ ಒರೆಸಿ ಕೊಡಿ.